ಹಾಡದೆ ಸಾಗಿದ ಡೋಲಿ

ಓಯ್, ಅಂಗಡಿ ಕಟ್ಟೆಯ ಮೇಲೆ ಕೂತವರೇ, ಆಚೆ ಬದಿಯಲ್ಲಿ ಬೈಕ್ ಒರೆಸುತ್ತಿರುವವರೇ, ತಲೆ ಮೇಲಿನ ಬುಟ್ಟಿ ಇಳಿಸಿ ಸ್ವಲ್ಪ ಇತ್ತ ಬನ್ನಿ. ಕಿಟೂಮಾ ಗುಡ್ಡದ ಬಿಟಾರಿಹೊ ಗೊತ್ತಲ್ಲ, ಯಾವ ಅಂಗಿ ಹೊಲಿಸಿದರೂ ಬಲ ಹೆಗಲಲ್ಲೇ ಮೊದಲು ಹರಿಯುವ ಆಸಾಮಿ? ಅವನ ಕಥೆ ಹೇಳುತ್ತೇನೆ. ಸಾಹಸದ ಕಥೆಯೇನಲ್ಲ, ಸುಸ್ತಾದವನ ಕಥೆ.

ಬಿಟಾರಿಹೊಗೆ ಐವತ್ತು ದಾಟಿದೆ. ಗುಡ್ಡದ ಪಟ್ಟೆ ಹೊಲಗಳಲ್ಲಿ ಆಲೂಗಡ್ಡೆ, ಬೀನ್ಸ್, ಒಂದಿಷ್ಟು ಜೋಳ. ಪ್ರಾಯದಲ್ಲಿ ಇಟ್ಟಿಗೆ ಸುಡುತ್ತಿದ್ದ. ಹೆಂಡತಿ ಗೌಡೆನ್ಸಿಯಾ ಬಾಯಿ ಜೋರು, ಕೈ ಅದಕ್ಕಿಂತ ಜೋರು. ಊರಿನವರೆಲ್ಲ ಇವನನ್ನು ಚೇರ್ಮನ್ ಎನ್ನುತ್ತಾರೆ. ಪಂಚಾಯಿತಿ ಚೇರ್ಮನ್ ಅಲ್ಲ, ಡೋಲಿಯ ಚೇರ್ಮನ್. ಆ ಹುದ್ದೆ ಅವನಿಗೆ ಓದಿನಿಂದ ಬಂದದ್ದಲ್ಲ, ಆಸ್ತಿಯಿಂದಲೂ ಬಂದದ್ದಲ್ಲ. ಗಂಟಲಿನಿಂದ ಬಂದದ್ದು.

ನಮ್ಮ ಗುಡ್ಡಗಳಿಗೆ ಗಾಡಿ ಹತ್ತುವುದಿಲ್ಲ. ಕಾಯಿಲೆಯವರನ್ನು ಎಂಗೋಜಿಯಲ್ಲಿ ಮಲಗಿಸಿ, ಅಂದರೆ ಬಳ್ಳಿಯಲ್ಲಿ ಹೆಣೆದು ಗಳು ಕಟ್ಟಿದ ಡೋಲಿಯಲ್ಲಿ ಮಲಗಿಸಿ, ಹೆಗಲ ಮೇಲೆ ಹೊತ್ತು ಇಳಿಸಬೇಕು. ಪ್ರತಿ ಮನೆಯಿಂದ ಒಂದು ಹೆಗಲು ಬರಲೇಬೇಕು. ಗಂಡಸಿಲ್ಲದ ಮನೆಯ ವಿಧವೆ ಹೊತ್ತವರಿಗೆ ಅಂಬಲಿ ಕಾಯಿಸಿದರೆ ಸಾಕು, ಅವಳ ಪಾಲು ಸಂದ ಹಾಗೆ. ಇನ್ನೊಂದು ಮಾತಿದೆ, ಅದನ್ನು ಯಾರೂ ಯಾರಿಗೂ ಕಲಿಸಿಲ್ಲ, ಹುಟ್ಟಿದಾಗಿನಿಂದ ನೋಡಿ ಬಂದದ್ದು. ಜೀವ ಇರುವವರನ್ನು ಹೊತ್ತರೆ ಹಾಡುತ್ತಾ ಹೋಗಬೇಕು. ಜೀವ ಹೋದವರನ್ನು ಹೊತ್ತರೆ ಸುಮ್ಮನೆ ನಡೆಯಬೇಕು. ಹಾಡು ಎತ್ತಿಕೊಡುವುದು ಚೇರ್ಮನ್ ಕೆಲಸ. ಬಿಟಾರಿಹೊ ಹಾಡು ಎತ್ತಿದರೆ ಎದುರು ಗುಡ್ಡದ ಮೇಕೆಗಳೂ ತಲೆ ಎತ್ತುತ್ತಿದ್ದವು.

ಮೊದಲೆಲ್ಲ ಒಂದೊಂದು ಗುಡ್ಡದವರು ತಮ್ಮ ರೋಗಿಯನ್ನು ಆಸ್ಪತ್ರೆವರೆಗೂ ತಾವೇ ಹೊರಬೇಕಿತ್ತು. ದಾರಿಯಲ್ಲಿ ಸಿಕ್ಕ ಗುಡ್ಡದವರು ನೀರು ಕೊಡುತ್ತಿದ್ದರು, ಹೆಗಲು ಕೊಡುತ್ತಿರಲಿಲ್ಲ. ಕಿಟೂಮಾಕ್ಕೂ ಪಕ್ಕದ ರುಶೇಬೆ ಗುಡ್ಡಕ್ಕೂ ನಡುವಿನ ಹಳ್ಳದ ಹುಲ್ಲಿನ ವಿಷಯದಲ್ಲಿ ಅಜ್ಜಂದಿರ ಕಾಲದ ಜಗಳ ಬೇರೆ. ಮಿಷನ್ ಆಸ್ಪತ್ರೆಯ ನರ್ಸ್ ಪೆರೆಪೆತ್ವಾ ಗುಡ್ಡದಿಂದ ಗುಡ್ಡಕ್ಕೆ ನಡೆದು, ಎಲ್ಲರ ಮನೆಯಲ್ಲೂ ಕೂತು, ಕೊಟ್ಟ ಅಂಬಲಿಯನ್ನೆಲ್ಲ ಕುಡಿದು, ಬೈಸಿಕೊಂಡು, ಮತ್ತೆ ಬಂದು, ಕೊನೆಗೂ ಐದು ಗುಡ್ಡಗಳನ್ನು ಒಂದು ಮಾತಿಗೆ ತಂದಳು. ಯಾರ ರೋಗಿಯಾದರೂ ಸರಿ, ತಮ್ಮ ಗಡಿಯೊಳಗೆ ಆ ಗುಡ್ಡದವರೇ ಹೊರಬೇಕು, ಗಡಿಯಲ್ಲಿ ಮುಂದಿನವರ ಹೆಗಲಿಗೆ ದಾಟಿಸಬೇಕು. ಸುಗ್ಗಿಯಲ್ಲಿ ಮನೆಮನೆಯಿಂದ ಆಸ್ಪತ್ರೆಗೆ ಒಂದು ಪಾಲು ಹೋಗಬೇಕು. ಹಾಗಿದ್ದರೆ ಕಾಯಿಲೆ ಬಂದಾಗ ಯಾರೂ ಹೊಲ ಮಾರಬೇಕಾಗಿಲ್ಲ, ರಸ್ತೆ ಮುಗಿಯುವ ಜಾಗದವರೆಗೆ ಆಸ್ಪತ್ರೆಯ ವ್ಯಾನ್ ಬರುತ್ತದೆ.

ವ್ಯಾನ್ ಮೊದಲು ಹಳ್ಳದ ಸೇತುವೆಗೇ ಬರುತ್ತಿತ್ತು. ಹೋದ ಮಳೆಗಾಲ ಸೇತುವೆ ಕೊಚ್ಚಿಹೋಯಿತು. ಈಗ ರುಶೇಬೆಯ ಆಚೆ ಬದಿಯಲ್ಲಿ ನಿಲ್ಲುತ್ತದೆ. ಹುಡುಗರು ಬೈಕ್ ಓಡಿಸಲು ಪೇಟೆಗೆ ಹೋದರು. ಉಳಿದ ಹೆಗಲುಗಳಿಗೆ ವಯಸ್ಸಾಯಿತು.

ಆ ವಾರ ಕಿಟೂಮಾದವರು ಒಬ್ಬ ಮುದುಕನನ್ನು ಇಳಿಸಿದ್ದರು, ಜ್ವರದ ಮಗುವನ್ನು ಇಳಿಸಿದ್ದರು, ಕಾಲು ಮುರಿದ ಗಾರೆಯವನನ್ನೂ ಇಳಿಸಿದ್ದರು. ಆ ಗಾರೆಯವನ ತೂಕ ನೆನೆದರೆ ಈಗಲೂ ಜನ ಬೆನ್ನು ಹಿಡಿದುಕೊಳ್ಳುತ್ತಾರೆ. ನಡುವೆ ಆಲೂಗಡ್ಡೆ ಕೀಳುವ ಕೆಲಸ. ಅಂಥ ವಾರದ ಕೊನೆಗೆ, ಬೆಳಗಿನ ಮಂಜು ಇನ್ನೂ ಹೊಲದಲ್ಲೇ ಮಲಗಿದ್ದಾಗ, ಮುಹೆರೆಜಾ ಎಂಬ ಹುಡುಗ ಬಂದು ಬಿಟಾರಿಹೊನ ಬಾಗಿಲು ಬಡಿದ.

"ಚೇರ್ಮನ್ರೇ, ನಿನ್ಸೀಮಾಗೆ ನಿನ್ನೆಯಿಂದ ನೋವು. ಮಗು ಅಡ್ಡ ಸಿಕ್ಕೊಂಡಿದೆ ಅಂತಾಳೆ ಸೂಲಗಿತ್ತಿ. ತನ್ನ ಕೈಲಾಗಲ್ಲಂತೆ."

ನಿನ್ಸೀಮಾ ಅವನ ಹೆಂಡತಿ, ಇದು ಚೊಚ್ಚಲು. ಬಿಟಾರಿಹೊ ಎದ್ದು ಕೂತ. ಹೆಗಲು ಏಳಲಿಲ್ಲ.

"ಇವತ್ತೊಂದು ದಿನ ಬೇರೆಯವರು ಹೋಗ್ಲಿ," ಎಂದಳು ಗೌಡೆನ್ಸಿಯಾ. "ನಿಮ್ಮ ಹೆಗಲು ನೋಡಿ, ಹಲಸಿನ ಕಾಯಿ ಥರ ಊದಿದೆ."

"ಬೇರೆಯವರು ಯಾರಿದಾರೆ, ಹೇಳು."

ಅವಳು ಬೆಣ್ಣೆ ತಂದು ಹೆಗಲಿಗೆ ತಿಕ್ಕಿದಳು, ಪ್ರೀತಿಗಿಂತ ಸಿಟ್ಟೇ ಹೆಚ್ಚಿತ್ತು.

ಡೋಲಿಗೆ ಜನ ಕರೆಯುವ ಕೊಂಬು ಊದಿದ್ದಕ್ಕೆ ಬಂದವರು ಎರಡು ಸರದಿಗೂ ಸಾಲದಷ್ಟು ಜನ. ಕಿಟೂಮಾದಲ್ಲಿ ಗುಡ್ಡದ ನೆತ್ತಿಯಲ್ಲಿ ಮಾತ್ರ ಫೋನ್ ಸಿಗುತ್ತದೆ. ಅಲ್ಲಿಂದ ರುಶೇಬೆಯ ಚೇರ್ಮನ್ ಕಮುಗಿಶನಿಗೆ ಸುದ್ದಿ ಹೋಯಿತು. ನಾವು ಗಡಿಯಲ್ಲಿ ಕಾಯ್ತಿರ್ತೀವಿ, ವ್ಯಾನಿಗೂ ನಾನೇ ಹೇಳ್ತೀನಿ ಎಂದ. ನಿನ್ಸೀಮಾಳನ್ನು ಕಂಬಳಿ ಸುತ್ತಿ ಡೋಲಿಯಲ್ಲಿ ಮಲಗಿಸಿದರು. ಗಂಡನೂ ಒಂದು ಗಳುವಿಗೆ ಹೆಗಲು ಕೊಟ್ಟ.

"ಮುಹೆರೆಜಾ, ಮಾವನ ಮನೆಗೆ ಹಸು ಹೊಡ್ಕೊಂಡು ಹೋಗು ಅಂದ್ರೆ ಎರಡು ವರ್ಷದಿಂದ ಆಗ್ಲಿಲ್ಲ ನಿನಗೆ," ಎಂದ ಹಿಂದಿನ ಗಳು ಹಿಡಿದಿದ್ದ ಟಿಂಕಾ. "ಇವತ್ತು ನೋಡು, ಅದೇ ದಾರೀಲಿ ಅವರ ಮಗಳನ್ನೇ ಹೊತ್ಕೊಂಡು ಹೊರಟಿದೀಯ."

"ಹಸು ಗಬ್ಬ ಆಗಿದೆ, ಟಿಂಕಣ್ಣ. ಕರು ಹಾಕ್ಲಿ ಅಂತ ಕಾಯ್ತಿದೀನಿ."

"ಆ ಹಸು ನಾನು ನೋಡಿದಾಗಿಂದ ಗಬ್ಬನೇ."

ನಿನ್ಸೀಮಾಳ ತವರು ರುಶೇಬೆಯ ಆಚೆಗಿದೆ. ಮದುವೆಗೆಂದು ಗಂಡು ಹೆಣ್ಣಿನ ಮನೆಗೆ ಕೊಡಬೇಕಾದ ಹಸು ಸಲ್ಲದೆ ಹೆಂಡತಿ ತೀರಿಕೊಂಡರೆ ಅವಳನ್ನು ಗಂಡನ ಹೊಲದಲ್ಲಿ ಮಣ್ಣು ಮಾಡುವ ಹಾಗಿಲ್ಲ, ತವರಿಗೆ ಒಯ್ಯಬೇಕು. ಟಿಂಕಾ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿದ್ದಲ್ಲ. ಸುಮ್ಮನೆ ಬಾಯಿಗೆ ಬಂದದ್ದನ್ನು ಆಡುವ ಮನುಷ್ಯ.

ಇಳಿಜಾರಿನಲ್ಲಿ ಹಾಡಿದರು. ಹಳ್ಳದಲ್ಲಿ ನೀರು ಮೊಣಕಾಲಿಗೆ ಬಂದಾಗ ಹಾಡು ನಿಂತಿತು. ಹಳ್ಳ ದಾಟಿದರೆ ಗಡಿಯವರೆಗೆ ಕಡಿದಾದ ಏರು. ಬಿಟಾರಿಹೊನ ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಓಡಾಡುತ್ತಿದ್ದವು.

"ಚೇರ್ಮನ್ರೇ, ಹಾಡು," ಎಂದ ಟಿಂಕಾ.

"ಏರು ಹತ್ತಿದ್ಮೇಲೆ ಹಾಡೋಣ. ಉಸಿರು ಉಳಿಸ್ಕೊಳ್ಳಿ."

ಎಲ್ಲರಿಗೂ ಅದೇ ಬೇಕಿತ್ತು. ನಿನ್ಸೀಮಾ ಕೂಡ ನೋವಿನಿಂದ ಬಳಲಿ ಕಂಬಳಿಯೊಳಗೆ ಸದ್ದಿಲ್ಲದೆ ಮಲಗಿದ್ದಳು. ಕೆಸರಿನಲ್ಲಿ ಕಾಲು ಕಿತ್ತಿಡುವ ಸದ್ದು ಬಿಟ್ಟರೆ ಡೋಲಿ ಸುಮ್ಮನೆ ಮೇಲೇರುತ್ತಿತ್ತು.

ಗಡಿಯ ನೀಲಗಿರಿ ಮರಗಳ ಕೆಳಗೆ ರುಶೇಬೆಯ ಜನ ಕಾಣಿಸಿದರು. ಬಿಟಾರಿಹೊಗೆ ಜೀವ ಬಂದ ಹಾಗಾಯಿತು. ಇನ್ನೇನು ಓಡಿ ಬರುತ್ತಾರೆ, ಗಳು ತೆಗೆದುಕೊಳ್ಳುತ್ತಾರೆ ಎಂದುಕೊಂಡ. ಆದರೆ ಅವರು ಬರಲಿಲ್ಲ. ದಾರಿ ಬಿಟ್ಟು ಬದುವಿನ ಮೇಲೆ ಸರಿದು ನಿಂತರು. ನೋಡುತ್ತಿದ್ದಂತೆ ಗಟ್ಟಿಮುಟ್ಟಾದ ಹುಡುಗರೆಲ್ಲ ತಲೆ ತಗ್ಗಿಸಿಕೊಂಡು ಆಚೆ ಹೊಲಗಳತ್ತ ಇಳಿದುಹೋದರು. ಉಳಿದವರು ಕಮುಗಿಶ, ಒಂದಿಬ್ಬರು ಮುದುಕರು, ಬುಟ್ಟಿ ಕೆಳಗಿಟ್ಟ ಹೆಂಗಸರು.

ಕಂಬಳಿ ಅಲುಗಿತು. "ಚೇರ್ಮನ್ರೇ," ಎಂದಳು ನಿನ್ಸೀಮಾ ಒಣಗಿದ ದನಿಯಲ್ಲಿ, "ಅವ್ರೆಲ್ಲ ಯಾಕೆ ಟೋಪಿ ತೆಗೀತಿದಾರೆ?"

ಬಿಟಾರಿಹೊಗೆ ಆಗ ಹೊಳೆಯಿತು. ಸುಮ್ಮನೆ ಬರುವ ಡೋಲಿ. ಹಸು ಸಲ್ಲದ ಹೆಂಡತಿ. ತವರಿನ ದಾರಿ. ಮತ್ತೊಂದು ಗುಡ್ಡದ ಹೆಣಕ್ಕೆ ಯಾರೂ ಕೈ ಹಾಕುವುದಿಲ್ಲ, ಒಪ್ಪಂದ ಇರುವುದು ಬದುಕಿರುವವರಿಗೆ ಮಾತ್ರ.

ಕಮುಗಿಶ ಟೋಪಿಯನ್ನು ಎದೆಗೆ ಒತ್ತಿಕೊಂಡು ಹತ್ತಿರ ಬಂದ. "ಬೇಜಾರಾಯ್ತು ಕಣಣ್ಣ. ದಾರೀಲೇ ಹೋದ್ಲಾ? ವ್ಯಾನಿಗೆ ಫೋನ್ ಮಾಡಿ ಬರೋದು ಬೇಡ ಅಂದಿದೀನಿ. ಪಾಪ, ಅವ್ರಿಗೆ ಇನ್ನೊಂದು ಕಡೆ ಕರೆ ಇತ್ತಂತೆ."

"ಕಮುಗಿಶ ಮಾವ," ಎಂದಿತು ಡೋಲಿ. "ನಾನು ಸತ್ತಿಲ್ಲ. ಸಾಯೋ ಹಾಗೆ ನೋಯ್ತಿದೆ, ಅಷ್ಟೆ."

ಒಬ್ಬ ಹೆಂಗಸು ಅಲ್ಲೇ ಕುಕ್ಕರಿಸಿದಳು. ಕಮುಗಿಶನ ಕೈಯಿಂದ ಟೋಪಿ ಬಿತ್ತು, ಎತ್ತಿಕೊಳ್ಳಲೂ ಹೋಗದೆ ಫೋನ್ ಒತ್ತತೊಡಗಿದ. ಡ್ರೈವರ್ ಎತ್ತಲಿಲ್ಲ. ಮತ್ತೆ ಒತ್ತಿದ. ಆಮೇಲೆ ಪೆರೆಪೆತ್ವಾಳಿಗೆ ಮಾಡಿದ, ಅವಳು ಅದೇ ವ್ಯಾನಿನಲ್ಲಿದ್ದಳು.

"ಬದುಕಿದಾಳೆ ಸಿಸ್ಟರ್. ಹೌದು, ಅವಳೇ. ಇಲ್ಲ, ನಾನು ಕುಡಿದಿಲ್ಲ."

ವ್ಯಾನ್ ಪಕ್ಕದ ಕಣಿವೆಗೆ ಹೊರಟುಬಿಟ್ಟಿತ್ತು. ತಿರುಗಿಸಿಕೊಂಡು ಬರಬೇಕು. ಕಮುಗಿಶ ಕೊಂಬು ಊದಿದ, ಹುಡುಗರು ತಿರುಗಿ ನೋಡಲಿಲ್ಲ. ಸಾವಿನ ಮನೆಯ ಕೊಂಬು ಎಂದುಕೊಂಡರು. ನಿನ್ಸೀಮಾಳಿಗೆ ಮತ್ತೆ ನೋವು ಎದ್ದಿತು. ಈ ಸಲ ಅವಳ ನರಳಾಟ ಅರ್ಧಕ್ಕೇ ಕುಗ್ಗಿಹೋದದ್ದು ಕೇಳಿ ಮುಹೆರೆಜಾ ಅಳಲು ಶುರುಮಾಡಿದ.

"ಅಳೋದಾದ್ರೆ ನಡೀತಾ ಅಳು," ಎಂದ ಬಿಟಾರಿಹೊ. "ಎತ್ತಿ."

"ಚೇರ್ಮನ್ರೇ, ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ," ಎಂದ ಟಿಂಕಾ. ತಮಾಷೆಗೆ ಆಡಿದ್ದಲ್ಲ.

"ನನ್ನದೂ ಕೇಳ್ತಿಲ್ಲ. ಎತ್ತು."

ಎತ್ತಿದರು. ಬಿಟಾರಿಹೊ ಬಾಯಿ ತೆರೆದ. ಮೊದಲು ಬಂದದ್ದು ಬರೀ ಗಾಳಿ. ಎಂಜಲು ನುಂಗಿ ಮತ್ತೆ ತೆರೆದ. ದನಿ ಒಡೆದು, ಹಳೇ ತಗಡು ಎಳೆದ ಹಾಗೆ ಹೊರಬಂತು.

"ಯಾರು ಬರ್ತಾವ್ಳೆ ಏರು ಹತ್ತಿ?"

"ತಾಯಿ ಆಗೋಳು ಬರ್ತಾವ್ಳೆ," ಎಂದರು ಹಿಂದಿನವರು, ಹಾಡಿದ್ದಕ್ಕಿಂತ ಏದುಸಿರು ಬಿಟ್ಟದ್ದೇ ಹೆಚ್ಚು.

"ಯಾರು ಹೊತ್ಕೊಂಡು ಬರ್ತಾವ್ರೆ?"

"ಉಂಡಿಲ್ಲದೋರು ಹೊತ್ತವ್ರೆ."

ಬದುವಿನ ಮೇಲಿದ್ದ ಹೆಂಗಸರು ಹಾಡು ಹಿಡಿದರು. ಅವರ ದನಿಗೆ ದಣಿವಿರಲಿಲ್ಲ, ಹೊಲದಿಂದ ಹೊಲಕ್ಕೆ ಹಾರಿತು. ಆಗ ಆಲೂಗಡ್ಡೆ ಸಾಲುಗಳ ನಡುವೆ ಒಂದು ತಲೆ ಎದ್ದಿತು, ಇನ್ನೊಂದು ಎದ್ದಿತು. ಸ್ವಲ್ಪ ಹೊತ್ತಿಗೆ ಕೈಗೆಲ್ಲ ಮಣ್ಣು ಮೆತ್ತಿದ ಹುಡುಗರು ಬದು ಹಾರುತ್ತ ಓಡಿ ಬಂದರು. ಏನು, ಎತ್ತ ಎಂದು ಕೇಳಲಿಲ್ಲ. ಡೋಲಿ ಕೆಳಗಿಳಿಯದಂತೆ, ನಡೆಯುತ್ತಲೇ, ಒಬ್ಬೊಬ್ಬರಾಗಿ ಗಳುವಿನ ಕೆಳಗೆ ನುಗ್ಗಿದರು. ಬಿಟಾರಿಹೊನ ಹೆಗಲ ಮೇಲಿಂದ ಭಾರ ಎದ್ದುಹೋದಾಗ ಅವನು ಒಂದು ಕಡೆಗೆ ವಾಲಿ ಬೇಲಿ ಹಿಡಿದುಕೊಂಡ.

ಆದರೂ ಹಿಂದೆ ನಿಲ್ಲಲಿಲ್ಲ. ರಸ್ತೆಯವರೆಗೆ ಹಿಂದಿಂದೆ ನಡೆದು, ವ್ಯಾನ್ ಬಂದಾಗ ಮುಹೆರೆಜಾನ ಜೊತೆ ಹತ್ತಿ ಕೂತ. ಪೆರೆಪೆತ್ವಾ ನಿನ್ಸೀಮಾಳ ಕೈಗೆ ಸೂಜಿ ಚುಚ್ಚಿ, ಗ್ಲುಕೋಸ್ ಬಾಟಲಿಯನ್ನು ಬಿಟಾರಿಹೊನ ಕೈಗೆ ಕೊಟ್ಟಳು.

"ಮೇಲೆ ಎತ್ತಿ ಹಿಡ್ಕೊಳ್ಳಿ."

"ಎಡಗೈಲಿ ಹಿಡೀತೀನಿ ಸಿಸ್ಟರ್. ಬಲಗೈ ಏಳಲ್ಲ."

ಆಸ್ಪತ್ರೆಯಲ್ಲಿ ನಿನ್ಸೀಮಾಳನ್ನು ಒಳಗೆ ಒಯ್ದರು, ಬಾಗಿಲು ಮುಚ್ಚಿತು. ಬಿಟಾರಿಹೊ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಬೆಂಚು ಖಾಲಿಯೇ ಇತ್ತು, ಅದರವರೆಗೆ ಹೋಗುವ ಮನಸ್ಸಾಗಲಿಲ್ಲ. ಏರಿನಲ್ಲಿ ಬಾಯಿ ಮುಚ್ಚಿಕೊಂಡದ್ದು ತಾನು. ಉಸಿರು ಉಳಿಸಿಕೊಳ್ಳಿ ಎಂದದ್ದು ತಾನು. ಆ ಬಾಗಿಲಿನಿಂದ ಯಾವ ಸುದ್ದಿ ಹೊರಬಂದರೂ ಅದು ಮೊದಲು ತನ್ನ ಹೆಸರು ಕರೆಯುತ್ತದೆ ಎಂದು ಅವನಿಗೆ ಅನಿಸುತ್ತಿತ್ತು.

ಬಿಸಿಲು ಅಂಗಳ ದಾಟುವ ಹೊತ್ತಿಗೆ ಪೆರೆಪೆತ್ವಾ ಹೊರಬಂದಳು. "ಹೆಣ್ಣು ಮಗು. ಮೊದಲು ಅಳ್ಲಿಲ್ಲ, ಆಮೇಲೆ ಅತ್ತಿತು. ತಾಯಿಗೆ ರಕ್ತ ಕೊಡ್ತಿದೀವಿ. ಉಳ್ಕೋತಾಳೆ."

ಮುಹೆರೆಜಾ ಒಳಗೆ ಓಡಿದ. ಬಿಟಾರಿಹೊ ತಲೆಯಾಡಿಸಿದ, ಅಷ್ಟೇ. ಪೆರೆಪೆತ್ವಾ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಅವಳೂ ನಿನ್ನೆಯಿಂದ ಮನೆಗೆ ಹೋಗಿರಲಿಲ್ಲ.

"ಸಿಸ್ಟರ್, ಚೇರ್ಮನ್ ಕೆಲಸ ಬಿಡ್ತೀನಿ."

"ಬಿಡಿ. ಯಾರು ಮಾಡ್ತಾರೆ?"

"ಟಿಂಕಾ."

"ಟಿಂಕಾ ಹಾಡಿದ್ದು ನಾನು ಕೇಳಿದೀನಿ."

ಬಿಟಾರಿಹೊ ಊದಿದ ಹೆಗಲು ಸವರಿಕೊಂಡ. "ಹೌದು," ಎಂದ. "ಅವನು ಹಾಡಿದ್ರೆ ಇರೋರೂ ಹೋಗ್ತಾರೆ."

ಅವಳಿಗೆ ನಗು ಬಂತು, ಪೂರ್ತಿ ನಗುವಷ್ಟು ಶಕ್ತಿ ಇರಲಿಲ್ಲ. ಸೇತುವೆ ವಿಷಯ ಪಂಚಾಯಿತಿಯವರನ್ನ ಮತ್ತೆ ಕೇಳಿದೀನಿ, ನೋಡೋಣ ಅಂತಿದಾರೆ ಎಂದಳು. ನೋಡೋಣ ಎನ್ನುವುದು ಏನೆಂದು ಇಬ್ಬರಿಗೂ ಗೊತ್ತಿತ್ತು.

ಹಿಂದಿರುಗುವಾಗ ರುಶೇಬೆಯ ಗಡಿಯಲ್ಲಿ ಕಮುಗಿಶ ಕಾಯುತ್ತಿದ್ದ. ಡೋಲಿ ತಡವಾದರೆ ತಪ್ಪಿದ ಗುಡ್ಡದವರು ಎದುರು ಗುಡ್ಡಕ್ಕೆ ಒಂದು ಕೊಡ ಜೋಳದ ಹೆಂಡ ಕೊಡಬೇಕು, ಐದು ಗುಡ್ಡಗಳೂ ಒಪ್ಪಿದ ಮಾತು.

"ನಾವು ಕೊಡ್ತೀವಿ ಅಣ್ಣ," ಎಂದ ಕಮುಗಿಶ. "ಹತ್ರ ಬಂದು ನೋಡ್ದೇ ವ್ಯಾನ್ ವಾಪಸ್ ಕಳಿಸಿದ್ದು ನಾನು."

"ಸುಮ್ಮನೆ ಬರೋ ಡೋಲಿ ನೋಡಿದ್ರೆ ನಾನೂ ಟೋಪಿ ತೆಗೀತಿದ್ದೆ. ಹಾಡು ನಿಲ್ಲಿಸಿದ್ದು ನಾನು. ಹೆಂಡ ನಮ್ಮನೆಯದು."

"ನಿಮ್ಮ ಮನೇಲಿ ಹೆಂಡ ಮಾಡೋದು ನೀವಲ್ಲ, ಗೌಡೆನ್ಸಿಯಕ್ಕ. ಅವರನ್ನ ಕೇಳಿದೀರಾ?"

"ಅದಕ್ಕೇ ನಿಧಾನಕ್ಕೆ ನಡೀತಿದೀನಿ."

ಗೌಡೆನ್ಸಿಯಾ ಎಲ್ಲ ಕೇಳಿಸಿಕೊಂಡಳು. ಹೆಣ್ಣು ಮಗು ಎಂದಾಗ ಒಂದು ಸಲ ಕಣ್ಣು ಒರೆಸಿಕೊಂಡಳು. ಹೆಂಡದ ಮಾತು ಬಂದಾಗ ಸೌಟು ಕೆಳಗಿಟ್ಟಳು.

"ಹೊತ್ತಿದ್ದೂ ನೀವೇ, ದಂಡ ತೆರೋದೂ ನೀವೇನಾ?"

"ನಾನೇ."

"ಹಾಗಾದ್ರೆ ಜೋಳ ನೆನೆಹಾಕೋದೂ ನೀವೇ. ನಾನು ಕೈ ಹಚ್ಚಲ್ಲ."

ಅವಳು ಬೇಯಿಸಿಟ್ಟ ಆಲೂಗಡ್ಡೆಯನ್ನು ಅವನು ನಿಂತೇ ತಿಂದ. ಕೂತರೆ ಏಳುವುದಿಲ್ಲವೆಂದು ಗೊತ್ತಿತ್ತು. ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಎಡಗೈಯಿಂದ ಕಣಜದ ಜೋಳ ತೋಡಿ ದೊಡ್ಡ ಮಡಕೆಗೆ ಸುರಿದ, ಕೊಡದಿಂದ ನೀರು ಬಗ್ಗಿಸಿದ, ತೇಲಿ ಬಂದ ಹೊಟ್ಟನ್ನು ಅಂಗೈಯಲ್ಲಿ ತೆಗೆದು ಕೋಳಿಗಳಿಗೆ ಎಸೆದ. ಆಮೇಲೆ ಮಡಕೆಯ ಬಾಯಿಗೆ ಬಾಳೆಯೆಲೆ ಮುಚ್ಚಿ, ಗಾಳಿಗೆ ಹಾರದಿರಲಿ ಎಂದು ಅದರ ಮೇಲೊಂದು ಕಲ್ಲು ಇಟ್ಟ.