ಮೂರು ಚಪ್ಪಲಿಯ ಮೇಲೆ ನಿಂತ ಕ್ಯಾಮೆರಾ

ಗುಂಡ, ಬಂಗಾರಿ,

ಮೊನ್ನೆ ನೀವಿಬ್ಬರೂ ನನ್ನ ಟ್ರಂಕು ತೆಗೆದು, ಸೀರೆಗಳ ನಡುವೆ ಇಟ್ಟಿದ್ದ ಒಂದು ಫೋಟೋ ಹಿಡಿದುಕೊಂಡು ಓಡಿಬಂದಿರಿ. "ಅಜ್ಜಿ, ಇವರ್ಯಾರು? ನಮ್ಮ ಮಂದಿ ಅಲ್ಲಲ್ಲ?" ಎಂದು ಕೇಳಿದಿರಿ. "ಇಡ್ರಿ ಅದನ್ನ, ಕೈ ಹೊಲಸದಾವು" ಎಂದು ಗದರಿಸಿ ನಾನು ಕಸಿದುಕೊಂಡೆ. ನಿಮ್ಮ ಕೈ ಹೊಲಸಾಗಿರಲಿಲ್ಲ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಸಂತೆಕಲ್ಲೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು ನಾನು. ಮಾಸ್ತರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ, ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಇದನ್ನೂ ಹಾಗೆಯೇ ಬರೆದು ತೋರಿಸುತ್ತೇನೆ.

ಫೋಟೋದಲ್ಲಿರುವವರು ಸಿಂಧನೂರಿನ ಗಂಡ ಹೆಂಡತಿ. ಬಳೆ ಅಂಗಡಿಯವರು. ಆ ಹೆಣ್ಣುಮಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಬರೆಯಲು ಸಲೀಸು.

ನಮ್ಮ ಮಸ್ಕಿಯಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಚಹಾದಂಗಡಿ ಇದೆಯಲ್ಲ, ಭಾನುವಾರ ಬೆಳಿಗ್ಗೆ ನಾನು ಹೋಗುವುದು ಅಲ್ಲಿಗೇ. ಲಿಂಗಸುಗೂರಿನಿಂದ ಬರುವವರಿಗೂ ಸಿಂಧನೂರಿನಿಂದ ಬರುವವರಿಗೂ ಮಸ್ಕಿ ನಡುವೆ ಬೀಳುತ್ತದೆಂದು ಫೋಟೋದ ಹುಚ್ಚಿನವರು ಅಲ್ಲಿ ಕೂಡುತ್ತಾರೆ. ಯಾರಿಗೂ ಇದು ಹೊಟ್ಟೆಪಾಡಲ್ಲ. ಚಹಾ ಕುಡಿದು, ಕ್ಯಾಮೆರಾ ಹೆಗಲಿಗೆ ಹಾಕಿ, ಗುಡ್ಡಕ್ಕೋ ಕಾಲುವೆಗೋ ಹೋಗಿ ಬರುವುದು, ಆಮೇಲೆ ಅಂಗಡಿಯ ಮುಂದಿನ ಉದ್ದನೆಯ ಬಾಕಿನ ಮೇಲೆ ಕೂತು ಒಬ್ಬರ ಫೋಟೋದಲ್ಲಿ ಇನ್ನೊಬ್ಬರು ಹುಳುಕು ತೆಗೆಯುವುದು.

ಆ ಅಂಗಡಿಯ ಗೋಡೆಗೆ ಕಟ್ಟಿಗೆಯ ಒಂದು ಚೌಕಟ್ಟು ತೂಗುಹಾಕಿದ್ದಾರೆ. ತಿಂಗಳ ಮೊದಲ ಭಾನುವಾರ ಎಲ್ಲರೂ ಒಂದೊಂದು ಫೋಟೋ ಪ್ರಿಂಟ್ ಹಾಕಿಸಿ ತಂದು, ಹೆಸರಿಲ್ಲದೆ, ಬಾಕಿನ ಮೇಲೆ ಬೋರಲಾಗಿ ಇಡುತ್ತಾರೆ. ಚಹಾದಂಗಡಿಯ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು, ಒಂದೊಂದೇ ತಿರುವಿ ನೋಡಿ, ಬೆರಳಿಟ್ಟು ಒಂದನ್ನು ತೋರಿಸುತ್ತಾಳೆ. ಆಕೆಗೆ ಲೆನ್ಸ್ ಗೊತ್ತಿಲ್ಲ, ಶಟರ್ ಗೊತ್ತಿಲ್ಲ. ಅದಕ್ಕೇ ಆರಿಸುವವಳು ಆಕೆ. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಆಕೆ ತೋರಿಸಿದ್ದು ಒಂದು ತಿಂಗಳು ಗೋಡೆಯ ಮೇಲೆ ಇರುತ್ತದೆ. ಯಾರದು ತೂಗಿತೋ ಅವರು ಮುಂದಿನ ವಾರ ಎಲ್ಲರಿಗೂ ಶೇಂಗಾ ಹೋಳಿಗೆ ತರಬೇಕು. ತಿಂಗಳು ಮುಗಿದ ಮೇಲೆ ಫೋಟೋ ತೆಗೆದವರಿಗೇ ವಾಪಸ್.

ನಿಮ್ಮ ಅಜ್ಜನವು ಆ ಗೋಡೆಯ ಮೇಲೆ ಬಹಳ ಸಲ ತೂಗಿದ್ದವು. ಹೋಳಿಗೆ ಬಡಿದವಳು ನಾನು. ಆ ಚೌಕಟ್ಟನ್ನು ಮಾತ್ರ ಆಗ ಕಣ್ಣಿನಿಂದ ಕಂಡಿರಲಿಲ್ಲ.

ಕಿರಾಣಿ ಅಂಗಡಿಯನ್ನು ನಿಮ್ಮ ಅಪ್ಪನಿಗೆ ಒಪ್ಪಿಸಿದ ಮೇಲೆ ಅಜ್ಜ ಆ ಕ್ಯಾಮೆರಾ ಕೊಂಡರು. ಲಿಂಗಸುಗೂರಿನಲ್ಲಿ ಸ್ಟುಡಿಯೋ ಮುಚ್ಚಿದ ಮಾಸ್ತರರ ಕ್ಯಾಮೆರಾ ಅದು. ಅದರ ಗಾಜಿಗೆ ಹಾ ಎಂದು ಉಸಿರು ಬಿಟ್ಟು, ಮೆತ್ತನೆಯ ಅರಿವೆಯಿಂದ ದುಂಡಗೆ ಒರೆಸುತ್ತ ಕೂಡುತ್ತಿದ್ದರು. ನನ್ನ ಕನ್ನಡಕಕ್ಕೆ ಒಂದು ದಿನ ಅಷ್ಟು ಮಾಡಲಿಲ್ಲ. ನಾನು ಹತ್ತಿರ ಹೋದರೆ, "ಬೆರಳು ಹತ್ತೀತು, ಆ ಕಡೆ ಸರಿ" ಎನ್ನುತ್ತಿದ್ದರು. ಸವತಿ ಬಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಒಂದೇ ಒಂದು ಕೆಲಸಕ್ಕೆ ನಾನು ಬೇಕಾಗುತ್ತಿದ್ದೆ. ಬಿಳಿ ಯಾವುದೆಂದು ಕ್ಯಾಮೆರಾಕ್ಕೆ ತಾನಾಗಿ ತಿಳಿಯುವುದಿಲ್ಲ. ಮುಂಜಾನೆಯ ಬಿಸಿಲಿನಲ್ಲಿ ಬಿಳಿ ಹಳದಿಯಾಗುತ್ತದೆ, ನೆರಳಿನಲ್ಲಿ ನೀಲಿಯಾಗುತ್ತದೆ. ಹಾಗಾಗಿ ಬಿಳಿಯದೇನನ್ನಾದರೂ ತೋರಿಸಿ, ಬಿಳಿ ಅಂದರೆ ಇದು ಎಂದು ಅದಕ್ಕೆ ಹೇಳಬೇಕು. ಮಂದಿ ಕಾಗದ ತೋರಿಸುತ್ತಾರೆ. ನಿಮ್ಮ ಅಜ್ಜ ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿ ತೋರಿಸುತ್ತಿದ್ದರು. ಭಾನುವಾರ ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಹಿಡಿ ಜರಾ" ಎನ್ನುವುದು, ನಾನು ಅಂಗೈ ಮೇಲೆ ವಿಭೂತಿ ಇಟ್ಟು ಹಿಡಿಯುವುದು, ಅವರು ಒಂದು ಫೋಟೋ ಹೊಡೆದುಕೊಂಡು ಹೋಗುವುದು.

"ನನ್ನ ಮಾರಿ ಬ್ಯಾಡೇನ್ರಿ?" ಎಂದು ಒಮ್ಮೆ ಮುಖ ಮುಂದೆ ಮಾಡಿ ಕೇಳಿದ್ದೆ.

"ಬಿಳಿ ಬೇಕಾಗ್ಯಾದ. ನಿನ್ನ ಮಾರಿ ಬಿಳಿ ಅದ ಏನು?" ಎಂದು ನಗುತ್ತ ಚಪ್ಪಲಿ ಮೆಟ್ಟಿದ್ದರು.

ಅವರು ತೀರಿಕೊಂಡ ಮೇಲೆ ಕ್ಯಾಮೆರಾದ ಕಾರ್ಡಿನಲ್ಲಿ ಇದ್ದುದನ್ನೆಲ್ಲ ನಿಮ್ಮ ಅವ್ವ ಫೋನಿಗೆ ಹಾಕಿ ತೋರಿಸಿದಳು. ನಾನು ನನ್ನನ್ನು ಹುಡುಕಿದೆ. ಬೆಳ್ಳಕ್ಕಿ, ಬೆಳ್ಳಕ್ಕಿ, ನನ್ನ ಕೈ. ಮತ್ತೆ ಬೆಳ್ಳಕ್ಕಿ, ಮತ್ತೆ ನನ್ನ ಕೈ. ಮುಖ ಎಲ್ಲಿಯೂ ಇರಲಿಲ್ಲ. ಹಕ್ಕಿಗಳದಾದರೆ ಕಣ್ಣಿನ ಸುತ್ತಲಿನ ಗೆರೆ ಸಹ ಎಣಿಸಬಹುದಿತ್ತು.

ಮಾತನಾಡಿಸಲು ಬಂದ ಸ್ಟುಡಿಯೋ ಮಾಸ್ತರರು ಹೋಗುವಾಗ, "ಕ್ಯಾಮೆರಾ ಕಪಾಟದಾಗ ಇಟ್ರ ಲೆನ್ಸಿಗೆ ಬೂಷ್ಟು ಹಿಡಿತದ್ರೀ ಅಕ್ಕಾರ. ಅವರ ಜಾಗ ಬಾಕಿನ ಮ್ಯಾಲ ಖಾಲಿ ಅದ" ಎಂದರು. ನಾನು ಸೆರಗು ಎಳೆದುಕೊಂಡೆ. ನಿಮ್ಮ ಅವ್ವ, "ಬರ್ತಾರ್ರೀ" ಎಂದುಬಿಟ್ಟಳು.

ಹಾಗೆ ಹೋಗಿ ಕೂತೆ. ಗುಂಡಿ, ಚಕ್ರ ಎಲ್ಲ ಮಾಸ್ತರರೇ ಕಲಿಸಿದರು. "ಬೆಳ್ಳಕ್ಕಿ ಅಂದ್ರ ಮೈನಸ್, ಅಕ್ಕಾರ. ಕರಿ ಕೆಸರು ಕಂಡು ಕ್ಯಾಮೆರಾ ಕತ್ತಲಿ ಅದ ಅನ್ಕೊಂತದ, ಬೆಳಕು ಜಾಸ್ತಿ ಎಳಕೊಂತದ. ರೆಕ್ಕಿ ಸುಟ್ಟು ಹೋಕ್ಕಾವ. ಚಕ್ರ ಮೈನಸಿಗೆ ತಿರುವ್ರಿ." ಸಿಂಧನೂರಿನ ಗೊಬ್ಬರದ ಅಂಗಡಿ ಸಾಹುಕಾರರದು ಬರೀ ಸಾಮಾನಿನ ಮಾತು.

"ಈ ಲೆನ್ಸ್ ನೋಡ್ರಿ ಮಾಸ್ತರ, ಇಲ್ಲಿ ಕುಂತ್ರ ಮುದಗಲ್ ಕೋಟಿ ಮ್ಯಾಲಿನ ಪಾರಿವಾಳದ ಕಣ್ಣು ಕಾಣ್ತದ."

"ಬಸ್ಸು ಹೋಗ್ತದಲ್ಲಪಾ ಮುದಗಲ್ಲಿಗೆ. ಹತ್ತಿ ಹೋಗು, ಪಾರಿವಾಳಕ್ಕ ನಿನ್ನ ಮಾರೀನೂ ಕಾಣ್ಲಿ."

ಸಾಹುಕಾರರು ಫೋನಿನಲ್ಲಿ ಬಣ್ಣ ಏರಿಸುವುದೆಂದರೆ ಗದ್ದೆಯನ್ನು ಗಿಳಿಯ ಹಸಿರು ಮಾಡುವವರೆಗೂ ಬಿಡುವವರಲ್ಲ. ಮಾಸ್ತರರು ನೋಡಿ, "ಇಷ್ಟು ಯೂರಿಯಾ ಹೊಲಕ್ಕ ಹಾಕಿದ್ರ ಬೆಳಿ ಸುಟ್ಟು ಹೋಗ್ತದಂತ ಗಿರಾಕಿಗೆ ನೀನ ಹೇಳ್ತಿ. ಫೋಟೋಕ್ಕ ಮಾತ್ರ ಚೀಲಗಟ್ಟಲೆ ಸುರವೀಯಲ್ಲೋ" ಎನ್ನುತ್ತಿದ್ದರು. ನಾನು ಸೆರಗಿನಲ್ಲಿ ನಗುತ್ತಿದ್ದೆ. ನಿಮ್ಮ ಅಜ್ಜ ಈ ನಗುವಿಗಾಗಿ ವಾರವಾರ ಬರುತ್ತಿದ್ದರು, ನನಗೆ ಮನೆಯಲ್ಲಿ ಹೋಳಿಗೆಯ ಹಿಟ್ಟು ಬಿಟ್ಟು. ಅದು ತಿಳಿದಾಗ ಅವರ ಮೇಲೂ ಸಿಟ್ಟು ಬಂತು.

ಒಮ್ಮೆಯಾದರೂ ಆ ಚೌಕಟ್ಟಿನಲ್ಲಿ ನನ್ನ ಫೋಟೋ ತೂಗಬೇಕು ಎಂಬ ಆಸೆ ಬಂತು. ಅವರದು ತೂಗಿದ ಮೊಳೆಗೇ. ತಿಂಗಳು ತಿಂಗಳು ಪ್ರಿಂಟ್ ಒಯ್ದು ಇಟ್ಟೆ. ಅಕ್ಕನ ಬೆರಳು ನನ್ನದನ್ನು ದಾಟಿ ಹೋಗುತ್ತಿತ್ತು.

ಆಗ ಬಂದಳು ಬಳೆ ಅಂಗಡಿಯವಳು. ಬಂದ ಮೊದಲ ತಿಂಗಳೇ ಅವಳ ಫೋಟೋ ಗೋಡೆ ಏರಿತು. ನನ್ನನ್ನು "ಅವ್ವಾರ" ಎನ್ನುವಳು, ಬಂದ ಕೂಡಲೇ ಕಾಲು ಮುಟ್ಟುವಳು. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವಳ ಹಿಂದೆ ಅವಳ ಗಂಡ. ಅವನಿಗೆ ಕ್ಯಾಮೆರಾದ ಗಂಧ ಗಾಳಿ ಇಲ್ಲ. ಮೂರು ಕಾಲಿನ ಸ್ಟ್ಯಾಂಡನ್ನು ನೇಗಿಲಿನಂತೆ ಹೆಗಲ ಮೇಲೆ ಹೊತ್ತು ಬಂದು, "ಎಲ್ಲಿ ಇಡ್ಲಿ?" ಎಂದು ಕೇಳುವನು. ಬಿಸಿಲಾದರೆ ಅವಳಿಗೆ ಛತ್ರಿ ಹಿಡಿಯುವನು, ತಾನು ಬಿಸಿಲಿನಲ್ಲೇ.

"ಏನಪಾ, ನಿನ್ನ ಹತ್ರ ಯಾವ ಲೆನ್ಸ್ ಅದ?" ಎಂದು ಸಾಹುಕಾರರು ಕೆಣಕಿದರೆ, "ನನ್ನ ಹತ್ರ ಛತ್ರಿ ಅದ ರೀ" ಎನ್ನುವನು.

ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಮುಖ ತಿರುಗಿಸಿ ಲೆನ್ಸ್ ಒರೆಸುತ್ತ ಕೂಡುತ್ತಿದ್ದೆ.

ಒಂದು ಭಾನುವಾರ ಅವಳು ಏನೋ ಕೇಳಿದಳೆಂದು ಬಾಯಿ ತಪ್ಪಿ ವಿಭೂತಿಯ ಉಪಾಯ ಹೇಳಿಬಿಟ್ಟೆ. ಮರುವಾರ ಅವಳು ಎಲ್ಲರ ಎದುರು ಚೀಲದಿಂದ ವಿಭೂತಿ ಗಟ್ಟಿ ತೆಗೆದು, "ನಾ ಒಂದು ಐಡಿಯಾ ಮಾಡೀನಿ ನೋಡ್ರಿ. ಮನಿ ಬಿಡೋ ಮುಂಚೆ ಇದನ್ನ ತೋರ್ಸಿ ಕ್ಯಾಮೆರಾಕ್ಕ ಬಿಳಿ ಹೇಳಿ ಬರ್ತೀನಿ" ಎಂದಳು. ನನ್ನ ಹೆಸರು ಎತ್ತಲಿಲ್ಲ. ಮರೆತಿದ್ದಳೇನೋ.

ಮಾಸ್ತರರು ನನ್ನ ಕಡೆ ಕೈ ಮಾಡಿ ನಕ್ಕರು. "ತಂಗಿ, ಇವರ ಮನಿಯವರೂ ಇದ ತಪ್ಪು ಮಾಡ್ತಿದ್ರು. ಮನಿ ಬೆಳಕು ಬ್ಯಾರೆ, ಹೊಲದ ಬೆಳಕು ಬ್ಯಾರೆ. ಎಲ್ಲಿ ಹೊಡಿತೀರೋ ಅಲ್ಲೇ ತೋರಿಸಬೇಕು. ಹೇಳಿ ಹೇಳಿ ಸಾಕಾಗಿತ್ತು ನನಗ. ಗೊತ್ತದ ಬಿಡ್ರಿ ಅಂತಿದ್ರು, ಹೊಲಕ್ಕ ಬಂದು ಕಾಗದ ತೋರ್ಸಿ ಮತ್ತ ಹೊಸದು ಹೊಡಕೊಂತಿದ್ರು. ಮರುವಾರ ನೋಡಿದ್ರ ಮತ್ತ ಮನ್ಯಾಗಿಂದು ಒಂದು ಇರ್ತಿತ್ತು."

ನಾನು ಚಹಾದ ಗ್ಲಾಸು ಕೆಳಗಿಟ್ಟೆ. ಉಪಯೋಗವಿಲ್ಲ ಎಂದು ಗೊತ್ತಿದ್ದೂ ವಾರವಾರ ಹೊಸ್ತಿಲಲ್ಲಿ ನಿಲ್ಲಿಸಿ ನನ್ನ ಕೈಯನ್ನು ಏಕೆ ತೆಗೆಯುತ್ತಿದ್ದರು? ಕೇಳಬೇಕಾದವರು ಇಲ್ಲ. ಕಣ್ಣು ಒರೆಸಿಕೊಳ್ಳಲು ತಲೆ ತಗ್ಗಿಸಿದರೆ ಆ ಕಡೆಯಿಂದ ಅವಳ ಗಂಡನ ದನಿ: "ಹಂಗಾದ್ರ ಹೊಲದಾಗ ನಾ ಹಿಡಿತೀನಿ ತಗೋ ವಿಭೂತಿ." ನನ್ನ ಕೈಗೆ ಸಿಕ್ಕ ಒಂದು ಸಣ್ಣ ಸುಖವನ್ನೂ ಅವರಿಬ್ಬರು ನನ್ನೆದುರೇ ಎರಡರಷ್ಟು ಮಾಡಿಕೊಂಡರು ಎನಿಸಿತು.

ಆಮೇಲೊಂದು ಭಾನುವಾರ ಎಲ್ಲರೂ ಸಿಂಧನೂರಿನ ಕಡೆಯ ಜವಳಗೇರಾದ ಗದ್ದೆಗಳಿಗೆ ಹೋದೆವು. ಕಾಲುವೆಗೆ ನೀರು ಬಿಟ್ಟಿದ್ದರು. ನಾಟಿಗೆ ಮುಂಚೆ ಕೆಸರು ಮಾಡುವ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳ ಹಿಂಡು. ನಾನು ಬದುವಿನ ಮೇಲೆ ಕೂತು ಚಕ್ರವನ್ನು ಮೈನಸಿಗೆ ತಿರುಗಿಸಿಕೊಂಡು ಕಾಯುತ್ತಿದ್ದೆ. ಅವರಿಬ್ಬರು ಗದ್ದೆಗೇ ಇಳಿದಿದ್ದರು. ಸ್ಟ್ಯಾಂಡಿನ ಕಾಲುಗಳು ಕೆಸರಿನಲ್ಲಿ ಇಳಿಯತೊಡಗಿದವು. ಅವನು ತನ್ನ ಎರಡೂ ಚಪ್ಪಲಿ ಬಿಚ್ಚಿ ಎರಡು ಕಾಲಿನ ಕೆಳಗೆ ಇಟ್ಟ. ಮೂರನೆಯ ಕಾಲು?

"ನಿಂದೊಂದು ತಾ ಇಲ್ಲಿ."

"ಅಯ್ಯ, ನಾ ಎಲ್ಲಿ ಇಡ್ಲಿ ಕಾಲು?"

"ನನ್ನ ಪಾದದ ಮ್ಯಾಲ ಇಡು. ಜಲ್ದಿ, ಹಕ್ಕಿ ಹಾರತಾವ."

ಅವಳು ಚಪ್ಪಲಿ ಕೊಟ್ಟು, ಬರಿಗಾಲನ್ನು ಅವನ ಪಾದದ ಮೇಲಿಟ್ಟು, ಕ್ಯಾಮೆರಾಕ್ಕೆ ಕಣ್ಣು ಹಚ್ಚಿದಳು. ಅವನು ಹಿಮ್ಮಡಿ ಮುಳುಗುವಷ್ಟು ಕೆಸರಿನಲ್ಲಿ ಅಲುಗಾಡದೆ ನಿಂತು ಅವಳ ಮೇಲೆ ಛತ್ರಿ ಹಿಡಿದ. ಎದುರಿಗೆ ಇನ್ನೂ ಮೇಲೇರದ ಸೂರ್ಯ. ಹಿಂಡು ಎದ್ದಿತು. ನಾನು ಹಕ್ಕಿಗಳ ಕಡೆ ಕ್ಯಾಮೆರಾ ಎತ್ತಬೇಕಿತ್ತು. ನನ್ನ ಕಣ್ಣು ಆ ಪಾದದಿಂದ ಏಳಲಿಲ್ಲ. ಬೆರಳು ಒತ್ತಿತು.

ಮೈನಸ್ ಹಾಗೆಯೇ ಉಳಿದಿದ್ದರಿಂದ ಇಬ್ಬರೂ ಕಪ್ಪಾಗಿ ಬಿದ್ದಿದ್ದರು, ಕೆಸರಿನ ನೀರು ಮಾತ್ರ ಕಂಚಿನ ತಾಟಿನಂತೆ ಹೊಳೆಯುತ್ತಿತ್ತು. ಒಂದು ಹಕ್ಕಿಯ ಅರ್ಧ ರೆಕ್ಕೆ ಮೂಲೆಯಲ್ಲಿ. ಮೂರು ಕಾಲು, ಮೂರು ಚಪ್ಪಲಿ, ಪಾದದ ಮೇಲೆ ಪಾದ. ಚೆನ್ನಾಗಿ ಬಂದಿತ್ತು. ಅದೇ ನನ್ನ ಸಂಕಟ.

ಮನೆಗೆ ಬಂದು ಫೋನಿನಲ್ಲಿ ಕತ್ತರಿಸಲು ಕೂತೆ. ಅಂಚನ್ನು ಬೆರಳಿನಿಂದ ಒಳಗೆ ತಳ್ಳುತ್ತ ತಳ್ಳುತ್ತ ಅವಳನ್ನು ಹೊರಗೆ ಹಾಕಿದೆ. ಅವನೊಬ್ಬ ಯಾರೂ ಇಲ್ಲದ ಜಾಗಕ್ಕೆ ಛತ್ರಿ ಹಿಡಿದು ನಿಂತ, ಮರುಳನಂತೆ. ಇಬ್ಬರನ್ನೂ ತೆಗೆದೆ. ಸ್ಟ್ಯಾಂಡಿನ ಕಾಲುಗಳು, ಚಪ್ಪಲಿಗಳು ಉಳಿದವು. ನಿಮ್ಮ ಅವ್ವ ಇಣುಕಿ, "ಗುಡಿ ಮುಂದ ಚಪ್ಪಲಿ ಬಿಟ್ಟಂಗ ಕಾಣ್ತದಲ್ರೀ ಅತ್ತಿ" ಎಂದಳು. ಕಪ್ಪಾಗಿ ಬಿದ್ದಿದ್ದನ್ನು ಬೆಳಗಿಸಿ ನೋಡಿದೆ. ನುಚ್ಚು ಚೆಲ್ಲಿದಂತೆ ಚುಕ್ಕೆ ಚುಕ್ಕೆ ಎದ್ದವು. ಎಲ್ಲವನ್ನೂ ಅಳಿಸಿ ಮೊದಲಿನಂತೆ ಮಾಡಿದೆ. ಅವಳು ಇದ್ದರೆ ಮಾತ್ರ ಅದು ಫೋಟೋ.

ನನ್ನ ಹತ್ತಿರ ಒಂದು ಬೆಳ್ಳಕ್ಕಿಯದೂ ಇತ್ತು. ಅದನ್ನು ಒಯ್ದರೆ ಅಕ್ಕನ ಬೆರಳು ದಾಟಿ ಹೋಗುತ್ತದೆಂದು ಗೊತ್ತಿತ್ತು. ಇದನ್ನು ಒಯ್ದರೆ ನಿಲ್ಲುತ್ತದೆ, ಆದರೆ ಗೋಡೆಯ ಮೇಲೆ ಅವಳೇ ನಿಲ್ಲುತ್ತಾಳೆ. ಎರಡು ದಿನ ಅನ್ನ ಸೇರಲಿಲ್ಲ. ಶನಿವಾರ ಲಿಂಗಸುಗೂರಿನ ಬಸ್ಸು ಹತ್ತಿ ಇದನ್ನೇ ಪ್ರಿಂಟ್ ಹಾಕಿಸಿದೆ.

ಅಕ್ಕ ಒಂದೊಂದೇ ತಿರುವಿದಳು. ನನ್ನದನ್ನು ದಾಟಿದಳು. ಮತ್ತೆ ತಿರುಗಿ ಬಂದು ಅದರ ಮೇಲೆ ಬೆರಳಿಟ್ಟಳು. "ಇದು. ನನ್ನ ಗಂಡ ಒಂದಿನಾನೂ ನನ್ನ ಚಪ್ಪಲಿ ಮುಟ್ಟಿಲ್ಲ."

ಒಲೆಯ ಕಡೆಯಿಂದ ಆಕೆಯ ಗಂಡನ ದನಿ ಬಂತು: "ಮುಟ್ಟೀನಿ. ಬಾಗಿಲದಾಗ ಬಿಟ್ಟಿದ್ದಿ, ಎಡವಿ ಬಿದ್ದೀನಿ."

"ಯಾರದ್ರೀ ಇದು?" ಎಂದು ಸಾಹುಕಾರರು ಕೇಳಿದರು. ನಾನು ಶಾಲೆಯ ಹುಡುಗಿಯಂತೆ ಬೆರಳು ಎತ್ತಿದೆ. ಮಾಸ್ತರರು ಎದ್ದು, ಚೌಕಟ್ಟು ಇಳಿಸಿ, ತಾವೇ ಗಾಜು ಒರೆಸಿದರು.

ಬಳೆ ಅಂಗಡಿಯವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಅವ್ವಾರ, ನಾವು ಹಿಂಗ ಕಾಣ್ತೀವೇನ್ರೀ?" ಅವಳ ಗಂಡ ಹತ್ತಿರ ಬಂದು ನೋಡಿ, "ಮದುವಿ ಫೋಟೋದಾಗೂ ನಾ ಇಷ್ಟು ಚೊಲೊ ಬಂದಿಲ್ಲ. ಮಾರಿ ಕಾಣದಿದ್ದಕ್ಕ ಇರಬೇಕು" ಎಂದ.

ಮರುವಾರ ಹೋಳಿಗೆ ಒಯ್ದೆ. ಆ ತಿಂಗಳಿಡೀ ಚಹಾಕ್ಕೆ ಬಂದವರೆಲ್ಲ ಗ್ಲಾಸು ಹಿಡಿದು ಗೋಡೆಯ ಮುಂದೆ ನಿಂತರು. "ಯಾರ್ರೀ ಈ ಜೋಡಿ?" ಎಂದು ಕೇಳಿದರು. "ಸಿಂಧನೂರಿನ ಬಳಿ ಅಂಗಡಿಯವರು" ಎಂದು ಅಕ್ಕ ಹೇಳಿದಳು. ತೆಗೆದವರು ಯಾರೆಂದು ಒಬ್ಬರೂ ಕೇಳಲಿಲ್ಲ. ನಾನು ಅದರ ಕೆಳಗೇ ಕೂತಿರುತ್ತಿದ್ದೆ.

ತಿಂಗಳು ಮುಗಿದು ಫೋಟೋ ಇಳಿದಾಗ ಅವಳು, "ಅದನ್ನ ನಮಗ ಕೊಡ್ರೀ ಅವ್ವಾರ, ಅಂಗಡ್ಯಾಗ ಹಾಕ್ತೀವಿ" ಎಂದಳು. "ಫೋನಿಗೆ ಕಳಸ್ತೀನಿ, ಹೊಸದು ಹಾಕಿಸ್ಕೋ. ಇದಕ್ಕ ಒಲಿ ಹೊಗಿ ಬಡದದ" ಎಂದೆ. ಕಳಿಸಿದೆ ಕೂಡ. ಆದರೆ ಚೌಕಟ್ಟಿನಿಂದ ಇಳಿದದ್ದನ್ನು ಕೊಡಲಿಲ್ಲ, ಕೊಡುವುದೂ ಇಲ್ಲ. ನಿಮ್ಮ ಅಜ್ಜನವು ತೂಗಿದ ಮೊಳೆಗೆ ನನ್ನದೆಂದು ತೂಗಿದ್ದು ಅದೊಂದೇ.

ಮೊನ್ನೆ ನೀವು ಅದನ್ನು ಹಿಂದೆ ತಿರುಗಿಸಿ ನೋಡಲಿಲ್ಲ. ಅದರ ಬೆನ್ನಿಗೆ ಇನ್ನೊಂದು ಫೋಟೋ ಸೇರಿಸಿ ಇಟ್ಟಿದ್ದೇನೆ, ಅಜ್ಜನ ಕಾರ್ಡಿನಿಂದ ಹಾಕಿಸಿದ್ದು. ಅಂಗೈ ಮೇಲೆ ವಿಭೂತಿ ಇದೆ, ಬಳೆ ಇದೆ, ಹಿಂದೆ ನಮ್ಮ ಹೊಸ್ತಿಲು. ಅದನ್ನು ಅಕ್ಕನ ಬಾಕಿನ ಮೇಲೆ ನಾನು ಇಟ್ಟಿಲ್ಲ. ಒಮ್ಮೊಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಅವಳಿಗೆ ಇಡೀ ಗಂಡ, ನನಗೆ ನನ್ನದೇ ಒಂದು ಕೈ. ಕಿಚ್ಚು ಆರಿಲ್ಲ. ಈ ಭಾನುವಾರವೂ ಅವನು ಛತ್ರಿ ಹಿಡಿದೇ ಬರುತ್ತಾನೆ, ನಾನು ನೋಡಿಯೇ ನೋಡುತ್ತೇನೆ.

ಈ ಹಾಳೆಗಳನ್ನು ಆ ಎರಡು ಫೋಟೋಗಳ ನಡುವೆ ಇಟ್ಟು, ಹಳೆಯ ಹತ್ತಿಸೀರೆಯ ತುಂಡಿನಲ್ಲಿ ಸುತ್ತಿದ್ದೇನೆ. ನುಸಿಗುಳಿಗೆ ಹಾಕಬೇಡಿ, ಒಣಗಿದ ಬೇವಿನ ಎಲೆ ಸಾಕು. ಮಳೆಗಾಲದಲ್ಲಿ ಟ್ರಂಕನ್ನು ಗೋಡೆಯಿಂದ ದೂರ ಇಡಿ. ಯಾರು ಕೇಳಿದರೂ, ಬಳೆ ಅಂಗಡಿಯವಳ ಮಕ್ಕಳೇ ಬಂದು ಕೇಳಿದರೂ, ಬಿಟ್ಟುಕೊಡದೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.