ಎಡಸುಳಿ

'ಸುಳಿ' ಎಂಬ ಮಾತನ್ನು ಮೊದಲು ಆಡಿದ್ದು ನಾನೋ, ನನ್ನ ಹೆಂಡತಿಯ ಚಿಕ್ಕಪ್ಪನೋ ಎಂಬುದು ಈಗ ನೆನಪಿಲ್ಲ. ನಾನೇ ಎನ್ನುತ್ತಾಳೆ ಹೆಂಡತಿ. ಅವಳ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ.

ಒಳಗೇ ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರುವ ವ್ಯಾನೊಂದನ್ನು ಬಾಡಿಗೆಗೆ ಹಿಡಿದು ನಾವಿಬ್ಬರೂ ಪೂರ್ವದ ಕಡಲು ನೋಡಲು ಹೊರಟಿದ್ದೆವು. ಕಡಲಿನಲ್ಲಿ ಚಂಡಮಾರುತ ಎದ್ದಿದೆ ಎಂಬ ಸುದ್ದಿ ಬಂದಾಗ ತಿಪಟೂರು ಕಡೆಯ ಬಿಳಿಗೆರೆಯ ಹತ್ತಿರ ಈ ಚಿಕ್ಕಪ್ಪನ ತೋಟದಲ್ಲಿ ವ್ಯಾನು ನಿಲ್ಲಿಸಿದೆವು. ಚಿಕ್ಕಮ್ಮ ಅದರೊಳಗೆ ಇಣುಕಿ, "ಮನೇಲಿ ಜಾಗ ಇಲ್ವೇನೇ, ಕಕ್ಕಸು ಹೊತ್ಕಂಡು ಊರೂರು ತಿರುಗ್ತೀರಲ್ಲ!" ಎಂದರು.

ಅವರ ಚಿಂತೆ ಬೇರೆಯೇ ಇತ್ತು. ಅಟ್ಟದ ಮೇಲೆ ವರ್ಷದಿಂದ ಒಣಗಿದ ಕಾಯಿ ಕೊಬ್ಬರಿಯಾಗಿ ಕೂತಿತ್ತು. ಅದನ್ನು ಸುಲಿದು ಚಿಪ್ಪು ಒಡೆಯುವ ಆಳುಗಳು ಮಾರನೆಯ ಬೆಳಿಗ್ಗೆ ಬರುವವರಿದ್ದರು. ಒಡೆದ ಮೇಲೆ ಬಿಸಿಲು ಬೇಕು. ಮೋಡ ಕವಿದರೆ ವರ್ಷದ ಕೊಬ್ಬರಿಗೆ ಬೂಷ್ಟು. ಬಂದ ಆಳುಗಳನ್ನು ವಾಪಸು ಕಳಿಸಿದರೆ ಅವರು ಮಾಯಸಂದ್ರದ ಕಡೆ ಹೋಗಿಬಿಡುತ್ತಾರೆ, ಮತ್ತೆ ಯಾವಾಗ ಕೈಗೆ ಸಿಗುತ್ತಾರೋ ದೇವರೇ ಬಲ್ಲ.

ಆ ಸಂಜೆ ನಾನು ವ್ಯಾನಿನ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಚಂಡಮಾರುತವನ್ನು ಕಾಯುತ್ತಿದ್ದೆ. ಯಾರೂ ಒಪ್ಪಿಸದ ಕೆಲಸ. ತೋಟದಲ್ಲಿ ಸಿಗ್ನಲ್ಲು ಬಂದು ಬಂದು ಹೋಗುತ್ತಿತ್ತು; ಆದರೂ ಪರದೆಯ ಮೇಲಿನ ಬಿಳಿ ಸುಳಿ ನಿಲ್ಲದೆ ತಿರುಗುತ್ತಲೇ ಇತ್ತು. ಚಿಕ್ಕಪ್ಪ ಪಕ್ಕದಲ್ಲಿ ಕೂತು ಫೋನನ್ನು ದೂರ ಹಿಡಿದು, ಸಂತೆಯಲ್ಲಿ ಹೋರಿಯ ಹಣೆಯ ಕೂದಲ ಸುಳಿ ನೋಡುವವರಂತೆ ನೋಡಿದರು.

"ಇದು ಎಡಕ್ಕೆ ತಿರುಗ್ತಾ ಐತಲ್ಲ ಅಳೀಮಯ್ಯ."

"ಹೌದು ಮಾವ."

"ಎಡಸುಳಿ ಆಗಿಬರಕಿಲ್ಲ ಕಣಪ್ಪ. ಇಂಥ ಸುಳಿ ಇರೋ ಹೋರೀನ ನಾನು ಹಟ್ಟಿ ಒಳಕ್ಕೇ ಬುಟ್ಟಿಲ್ಲ."

ನಗು ಬಂತು. ವಿಶ್ವವಿದ್ಯಾಲಯದಲ್ಲಿ ಕಲಿತದ್ದನ್ನು ನೆನೆದು ಗಾಳಿಯ ಒತ್ತಡ, ಭೂಮಿಯ ತಿರುಗಾಟ ಎಂದೆಲ್ಲ ವಿವರಿಸಿದೆ. ಕೊನೆಗೆ ನಾನು ಹೇಳಿದ್ದೂ ಅದನ್ನೇ: ಸುಳಿ ಇತ್ತ ಬರುತ್ತಿದೆ, ನಾಳೆ ಒಡೆಸುವುದು ಬೇಡ. ವಿಜ್ಞಾನವೂ ದನದ ಶಾಸ್ತ್ರವೂ ಹೀಗೆ ಒಂದೇ ಮೆಟ್ಟಿಲ ಮೇಲೆ ಕೂತು ತಲೆಯಾಡಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಬೆಳಿಗ್ಗೆ ಆಳುಗಳು ಬಂದರು. ಚಿಕ್ಕಪ್ಪ ಕಾಫಿ ಕೊಡಿಸಿ ವಾಪಸು ಕಳಿಸಿದರು.

"ಒಬ್ರುದು ಹೋರಿ ಶಾಸ್ತ್ರ, ಒಬ್ರುದು ಫೋನ್ ಶಾಸ್ತ್ರ," ಎಂದರು ಚಿಕ್ಕಮ್ಮ. "ನನ್ ಕೊಬ್ಬರಿ ಗತಿ?"

"ಸೈಕ್ಲೋನ್ ಕಣೇ, ಹುಡುಗಾಟ ಅಲ್ಲ," ಎಂದರು ಚಿಕ್ಕಪ್ಪ.

"ಬರ್ಲಿ ಬುಡಿ. ನೀವಿಬ್ರೂ ಹೋಗಿ ಎದುರುಗೊಂಡು ಕರ್ಕಂಬನ್ನಿ."

ಆಮೇಲಿನ ದಿನಗಳಲ್ಲಿ ಮೋಡ ಮುಸುಕಿತ್ತು, ವ್ಯಾನಿನ ತಗಡಿನ ಮೇಲೆ ಹನಿ ಬಿದ್ದ ಸದ್ದಾಗಿತ್ತು ಎಂದೇ ನನ್ನ ನೆನಪು. ಹೆಂಡತಿ ಹೇಳುವುದೇ ಬೇರೆ: ಕಣ್ಣು ಬಿಡಲಾಗದ ಬಿಸಿಲು, ಕೊಬ್ಬರಿ ಒಣಗಬೇಕಿದ್ದ ಅಂಗಳದ ತುಂಬ ಚಿಕ್ಕಮ್ಮ ಮೆಣಸಿನಕಾಯಿ ಹರಡಿ, ನಾವು ಹಾದುಹೋಗುವಾಗಲೆಲ್ಲ ಗಟ್ಟಿಯಾಗಿ ನಿಟ್ಟುಸಿರು ಬಿಡುತ್ತಿದ್ದರಂತೆ. ಆಳುಗಳು ಮತ್ತೆ ಸಿಗುವ ಹೊತ್ತಿಗೆ ಅಟ್ಟದಲ್ಲಿ ಇಲಿಗಳು ತಮ್ಮ ಪಾಲು ತೆಗೆದುಕೊಂಡಿದ್ದವು ಎಂಬುದನ್ನು ಚಿಕ್ಕಮ್ಮನೇ ಫೋನು ಮಾಡಿ ತಿಳಿಸಿದರು. ನನಗೆ ಅಲ್ಲ, ಹೆಂಡತಿಗೆ. ನನಗೂ ಕೇಳಲಿ ಎಂಬಷ್ಟು ಜೋರಾಗಿ.

ಈ ಜಗಳ ತೀರಿಸಲೆಂದು ಹವಾಮಾನ ಇಲಾಖೆಯ ಹಳೆಯ ಪ್ರಕಟಣೆಗಳನ್ನು ಹುಡುಕಿದೆ. ತಿಪಟೂರಿನ ಬಿಸಿಲಿನ ಬಗ್ಗೆ ಅವುಗಳಲ್ಲಿ ಏನೂ ಇರಲಿಲ್ಲ. ಒಂದು ಸಂಗತಿ ಮಾತ್ರ ಖಚಿತವಾಯಿತು: ನಾವು ಆಳುಗಳನ್ನು ವಾಪಸು ಕಳಿಸಿದ ಬೆಳಿಗ್ಗೆ ಕಡಲಿನಲ್ಲಿ ಚಂಡಮಾರುತವೇ ಇರಲಿಲ್ಲ. ಹಿಂದಿನ ದಿನ ಮಧ್ಯಾಹ್ನವೇ, ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಫೋನಿನ ಸುಳಿ ನೋಡುವ ಮೊದಲೇ, ಅದು ನೀರಿನ ಮೇಲೆ ಕರಗಿಹೋಗಿತ್ತು.