ಈಗ ಹೊಂಟತಿ, ಬರ್ರಿ

ನಿಂತ ಟಂಟಂ ನಡುಗುವಷ್ಟು ಓಡುವ ಟಂಟಂ ನಡುಗುವುದಿಲ್ಲ. ಈ ಸಿದ್ಧಾಂತವನ್ನು ನಾನು ಯಾವ ಭೌತಶಾಸ್ತ್ರದ ಗ್ರಂಥದಿಂದಲೂ ಎತ್ತಿಕೊಂಡದ್ದಲ್ಲ. ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಹೊರಗೆ ಶಿರಹಟ್ಟಿಯ ದಿಕ್ಕಿಗೆ ಮುಖ ಮಾಡಿ ನಿಂತ ಡೀಸೆಲ್ ಟಂಟಂನ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಬುತ್ತಿ ಡಬ್ಬಿ ಇಟ್ಟುಕೊಂಡು ವರ್ಷಾನುಗಟ್ಟಲೆ ಕೂತು, ಪೃಷ್ಠಮುಖೇನ ಸಂಪಾದಿಸಿದ ಜ್ಞಾನ. ಮೂರು ಗಾಲಿಯ ಆ ಬಾಡಿಗೆ ವಾಹನ ನಿಂತಲ್ಲೇ ಗಡಗಡ ನಡುಗುವಾಗ ನನ್ನ ಕನ್ನಡಕ ಮೂಗಿನ ತುದಿಗೆ ಇಳಿದು ಬರುತ್ತಿತ್ತು, ಡಬ್ಬಿಯೊಳಗಿನ ಮೊಸರು ಮಜ್ಜಿಗೆಯಾಗುವ ಸಾಧನೆಯಲ್ಲಿ ತೊಡಗುತ್ತಿತ್ತು, ಬಾಯಿಂದ ಹೊರಟ ನಮಸ್ಕಾರವೊಂದು ನಾಲ್ಕಾರು ತುಂಡಾಗಿ ಎದುರಿನವರನ್ನು ತಲುಪುತ್ತಿತ್ತು.

ಗಾಡಿ ಹಾಗೆ ನಡುಗುವುದು ಹೊರಡುವುದಕ್ಕಲ್ಲ, ಹೊರಡುತ್ತದೆ ಎಂದು ನಂಬಿಸುವುದಕ್ಕೆ. ಚಾಲಕ ಎಕ್ಸಿಲರೇಟರ್ ತಿರುವುತ್ತಾನೆ, ಗಾಡಿಯನ್ನು ಒಂದು ಮೊಳ ಮುಂದೆ ಬಿಡುತ್ತಾನೆ, ಒಂದು ಮೊಳ ಹಿಂದೆ ತರುತ್ತಾನೆ, ನಡುನಡುವೆ "ಶಿರಟ್ಟಿ ಶಿರಟ್ಟಿ, ಈಗ ಹೊಂಟತಿ, ಬರ್ರಿ" ಎಂದು ಕೂಗುತ್ತಾನೆ. ತಪ್ಪಿಹೋದೀತೆಂಬ ಭಯದಿಂದ ಓಡಿಬಂದು ಹತ್ತಿದವನು, ಸೀಟು ಭರ್ತಿಯಾಗುವವರೆಗೂ ಅದೇ ಒಂದು ಮೊಳದ ದೇಶಾಟನೆ ಮಾಡುತ್ತ ಕೂಡುತ್ತಾನೆ. ಇದರಲ್ಲಿ ಚಾಲಕರನ್ನಷ್ಟೇ ದೂರಿದರೆ ಅನ್ಯಾಯವಾದೀತು. ಹೊರಡದೆ ಹೊರಡುವ ವಿದ್ಯೆ ನಮ್ಮ ಸೀಮೆಯ ಪಿತ್ರಾರ್ಜಿತ. ನಮ್ಮ ಮನೆಗೆ ಬಂದ ಬೀಗರು "ಬರತೇವ್ರಿ" ಎಂಬ ಮಾತನ್ನು ಪಡಸಾಲೆಯಲ್ಲಿ ಒಮ್ಮೆ, ಹೊಸ್ತಿಲಲ್ಲಿ ಒಮ್ಮೆ, ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಮತ್ತೊಮ್ಮೆ ಹೇಳಿ, ಕೊನೆಗೆ ರಾತ್ರಿ ಊಟ ಮುಗಿಸಿಕೊಂಡೇ ಹೋದ ಉದಾಹರಣೆಗಳಿವೆ.

ನಮ್ಮ ಟಂಟಂ ಚಾಲಕ ದಾವಲಸಾಬನ ಅಜ್ಜ ಇದೇ ಊರಲ್ಲಿ ಟಾಂಗಾ ಹೊಡೆಯುತ್ತಿದ್ದನಂತೆ. ಅವನೂ ಚಾವಟಿಯ ಕಟ್ಟಿಗೆಯನ್ನು ತಿರುಗುವ ಗಾಲಿಯ ಅರಗಳಿಗೆ ತಾಗಿಸಿ ಟರ್ರನೆ ಸದ್ದು ಮಾಡುತ್ತ ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಕುದುರೆಯನ್ನು ಕುಣಿಸುತ್ತಿದ್ದನೆಂದು ಹಿರಿಯರು ಹೇಳುತ್ತಾರೆ. ಅಂಥ ಮನೆತನದ ದಾವಲಸಾಬ ನಮ್ಮ ಸ್ಟ್ಯಾಂಡಿನಲ್ಲಿ ಈ ಕಲೆಯ ಉಸ್ತಾದ. ಅವನ ಗೆಳೆಯ, ಎದುರಾಳಿ, ಚಹಾದ ಪಾಲುದಾರ ಎಲ್ಲವೂ ಆದ ಈರಪ್ಪನದು ಎರಡನೆಯ ಸ್ಥಾನ. ಶಿರಹಟ್ಟಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು, ಬಸ್ಸು ತಪ್ಪಿಸಿಕೊಳ್ಳುವ ನಿತ್ಯನೇಮದಿಂದಾಗಿ, ಇಬ್ಬರಿಗೂ ಕಾಯಂ ಗಿರಾಕಿ.

ಇಂಥಲ್ಲಿ ಒಂದು ಸುದ್ದಿ ಬಂತು. ಪೆಟ್ರೋಲ್, ಡೀಸೆಲ್ ಗಾಡಿಗಳನ್ನು ಸರಕಾರ ಹಂತಹಂತವಾಗಿ ನಿಲ್ಲಿಸುತ್ತದಂತೆ, ಇನ್ನು ಮೇಲೆ ಹಳೆಯವಕ್ಕೆ ಆರ್‌ಟಿಒದಲ್ಲಿ ಯೋಗ್ಯತಾ ಪತ್ರದ ಪಾಸಿಂಗ್ ಮಾಡುವುದಿಲ್ಲವಂತೆ, ಎಲ್ಲರೂ ಕರೆಂಟ್ ಗಾಡಿಯನ್ನೇ ಓಡಿಸಬೇಕಂತೆ. ಅಂತೆಕಂತೆಗಳ ಸಂತೆಯಲ್ಲಿ ಸರಕಾರದ ಖರೆ ಆದೇಶ ಎಷ್ಟು, ಮೊಬೈಲಿನ ಕಲ್ಪನಾವಿಲಾಸ ಎಷ್ಟು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ವಾದ ಹೆಚ್ಚು ರಂಗೇರುತ್ತದೆ. ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ ನಾನು ಪರ, ಗಣಿತದ ಪಾಟೀಲ ಮಾಸ್ತರರು ವಿರೋಧ. ಅವರಿಗೆ ಒಂದು ಹಳೆಯ ಪೆಟ್ರೋಲ್ ಕಾರು ಇದೆ. ಅದನ್ನು ಅವರು ಒರೆಸುವ ಪ್ರೀತಿಯಲ್ಲಿ ಕರಿಹಲಗೆಯನ್ನು ಒರೆಸಿದ್ದರೆ ಮಕ್ಕಳ ಗಣಿತ ಸುಧಾರಿಸುತ್ತಿತ್ತೆಂದು ನಾನು ಅಂದದ್ದೂ ಉಂಟು. ಹೊಗೆ, ಮಾಲಿನ್ಯ, ಮುಂದಿನ ಪೀಳಿಗೆ ಎಂದು ನಾನು ಭಾಷಣ ಬಿಗಿದೆ. ಮುಂಡರಗಿಗೆ ಹೋಗುವಾಗ ಕಪ್ಪತಗುಡ್ಡದ ಕಡೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಜ್ಜಿಯೊಬ್ಬಳು "ಗುಡ್ಡಕ್ಕೂ ಶಕಿ ಆಗತೈತೇನ್ರಿ, ಇಷ್ಟ್ ಫ್ಯಾನ್ ಹಚ್ಚ್ಯಾರ" ಎಂದದ್ದನ್ನು ನೆನೆದು, ನಮ್ಮ ಗಾಳಿಯಿಂದಲೇ ನಮ್ಮ ಗಾಡಿ ಓಡಲಿ ಎಂದು ಮುಕ್ತಾಯ ಹಾಡಿದೆ. ಪಾಟೀಲರು ಶಾಂತವಾಗಿ ಮೇಲೆ ನೋಡಿದರು. "ಆ ಗಾಳಿ ಕರೆಂಟ್ ಎಲ್ಲಿ ಹೋಗತೈತಿ ಅಂತ ಮೊದಲ ಕೇಳ್ರಿ. ಇಲ್ಲಿ ಮುಂಜಾನಿಂದ ಫ್ಯಾನ್ ತಿರಗಿಲ್ಲ. ಕರೆಂಟ್ ಕೊಟ್ಟ ಮ್ಯಾಲೆ ಕಾನೂನು ಮಾಡ್ಲಿ." ನಾನು ಹಾಜರಿ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತ ತರಗತಿಗೆ ಎದ್ದೆ.

ನಾವು ಹೀಗೆ ಮಾತಿನಲ್ಲಿ ಗಾಡಿ ಓಡಿಸುತ್ತಿರುವಾಗ ದಾವಲಸಾಬ ಖರೆಯೇ ಒಂದು ಕರೆಂಟ್ ಟಂಟಂ ತಂದುಬಿಟ್ಟ. ಹಳೆಯದು ಹೇಗೂ ಮುಪ್ಪಾಗಿತ್ತು, ಪಾಸಿಂಗ್ ಆಗುವ ಭರವಸೆ ಇರಲಿಲ್ಲ, ಗುಜರಿಗೆ ಹೋಯಿತು. ಹೊಸದು ಬಿಳಿ ಬಣ್ಣದ್ದು, ಸದ್ದಿಲ್ಲ, ಹೊಗೆಯಿಲ್ಲ. ಇದು ನಡೆಯದಿದ್ದರೆ ಅವನಿಗೆ ಊರು ಬಿಡದೆ ಬೇರೆ ದಾರಿ ಇರಲಿಲ್ಲ. ಹುಬ್ಬಳ್ಳಿಯಲ್ಲಿದ್ದ ಷಡ್ಡಕ, ಅಲ್ಲಿಯ ಗೋದಾಮಿನ ಕಾವಲಿಗೆ ಬಾ ಎಂದು ಒಂದೇ ಸವನೆ ಕರೆಯುತ್ತಿದ್ದ. "ಹುಟ್ಟಿದಾಗಿಂದ ತಿರಗಿದಾಂವ ನಾನು, ಗೇಟಿನ ಮುಂದ ಕುರ್ಚಿ ಹಾಕ್ಕೊಂಡು ಹೆಂಗ ಕುಂಡ್ರಲಿ ಮಾಸ್ತರ್ರ" ಎಂದು ಅವನು ಹೇಳಿದಾಗ ನನಗೆ ನಿಜಕ್ಕೂ ಕೆಡುಕೆನಿಸಿತು.

ಕೆಡುಕೆನಿಸಿದ ಮಾತ್ರಕ್ಕೆ ಹತ್ತಿದೆನೆಂದು ತಿಳಿಯಬೇಡಿ. ಮರುದಿನ ಮುಂಜಾನೆ ಅವಸರದಲ್ಲಿ ಬಂದ ನಾನು, ಹೊಸ ಗಾಡಿಯ ಪಕ್ಕದಿಂದಲೇ ಹಾದು, ಗಡಗಡ ನಡುಗುತ್ತಿದ್ದ ಈರಪ್ಪನ ಡೀಸೆಲ್ ಗಾಡಿಯಲ್ಲಿ ಕೂತುಬಿಟ್ಟಿದ್ದೆ. ವಿದ್ಯುತ್ ವಾಹನಗಳ ಪರವಾಗಿ ಹಿಂದಿನ ದಿನವಷ್ಟೇ ಗಂಟಲು ಹರಿದುಕೊಂಡವನು ನಾನು. ತಲೆ ಒಪ್ಪಿದ್ದನ್ನು ಪೃಷ್ಠ ಒಪ್ಪಿರಲಿಲ್ಲ. ನನ್ನ ಪಾಡೇ ಊರ ಪಾಡು. ಸುಮ್ಮನೆ ನಿಂತ ಗಾಡಿ ಹೊರಡುತ್ತದೆಂದು ಯಾರು ನಂಬಬೇಕು? ದಾವಲಸಾಬ ಗಂಟಲು ಬಿರಿಯುವಂತೆ ಕೂಗಿದರೂ ಜನ ಒಳಗೆ ಇಣುಕಿ, "ಇನ್ನೂ ಚಾಲೂನ ಮಾಡಿಲ್ಲಲ್ಲ" ಎಂದು ಈರಪ್ಪನ ಕಡೆಗೆ ನಡೆಯುತ್ತಿದ್ದರು. "ಚಾಲೂ ಐತ್ರಿ ಯಕ್ಕಾ" ಎಂದು ಅವನು ಆಣೆ ಮಾಡಿದರೆ, ಇನ್ನಷ್ಟು ಅನುಮಾನಪಟ್ಟು ನಡೆಯುತ್ತಿದ್ದರು.

ಉಸ್ತಾದ ಅಷ್ಟಕ್ಕೆ ಸೋಲುವವನಲ್ಲ. ಈರಪ್ಪನ ಗಾಡಿಯ ಸದ್ದನ್ನು ಮೊಬೈಲಿನಲ್ಲಿ ತುಂಬಿಸಿಕೊಂಡು, ಸೀಟಿನ ಕೆಳಗೆ ಒಂದು ಸ್ಪೀಕರ್ ಇಟ್ಟು, ಕರೆಂಟ್ ಗಾಡಿಯಿಂದ ಡೀಸೆಲ್ಲಿನ ಆರ್ಭಟ ಹೊರಡಿಸಿದ. ಉಪಾಯ ಫಲಿಸಿತು. ಬೆಳ್ಳಟ್ಟಿಯ ಕಡೆಯ ಹೆಣ್ಣುಮಕ್ಕಳು ನಾಲ್ವರು ಗಂಟುಗಳ ಸಮೇತ ಹತ್ತಿ ಕೂತರು, ಈ ಸಲ ನಾನೂ ಕೂತೆ. ಗಾಡಿ ಆರ್ಭಟಿಸುತ್ತಿದೆ, ಕೂತವರು ಮಾತ್ರ ನಡುಗುತ್ತಿಲ್ಲ. ಒಬ್ಬಾಕೆ ಸೀಟನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅಷ್ಟರಲ್ಲಿ ಆರ್ಭಟ ತಟ್ಟನೆ ನಿಂತಿತು, ಮೊಬೈಲಿಗೆ ಬಂದ ಫೋನನ್ನು ದಾವಲಸಾಬ ಎತ್ತಿದ, ಸೀಟಿನ ಕೆಳಗಿನಿಂದ ಅವನ ಹೆಂಡತಿಯ ಧ್ವನಿ ಇಡೀ ಸ್ಟ್ಯಾಂಡಿಗೆ ಕೇಳುವಂತೆ ಬಂತು: "ಬರೂಮುಂದ ಕೊತ್ತಂಬರಿ ತಗೊಂಡ್ ಬರ್ರಿ, ನಿನ್ನಿ ತಂದಂಗ ಬಾಡಿದ್ದು ತರಬ್ಯಾಡ್ರಿ." ಈರಪ್ಪ ತನ್ನ ಗಾಡಿಯ ಹ್ಯಾಂಡಲ್ ಮೇಲೆ ತಲೆಯಿಟ್ಟು ನಕ್ಕ. ಹೆಣ್ಣುಮಕ್ಕಳು ಗಂಟು ಎತ್ತಿಕೊಂಡು ಇಳಿದರು. ನಾನೊಬ್ಬ ಉಳಿದೆ, ಇಳಿಯಲು ನಾಚಿಕೆಯಾಗಿ.

ದಾವಲಸಾಬ ಸ್ಪೀಕರನ್ನು ಕಿತ್ತು ಡಿಕ್ಕಿಗೆ ಹಾಕಿದ. ಹ್ಯಾಂಡಲ್ ಹಿಡಿದು ಕೂತು, "ನಡೀರಿ ಮಾಸ್ತರ್ರ, ಹೋಗೂಣು" ಎಂದ. ನನ್ನೊಬ್ಬನಿಗಾಗಿಯೇ ಎಂದು ನಾನು ಗಾಬರಿಯಾದೆ. "ಡೀಸೆಲ್ ಇದ್ದಾಗ ಒಬ್ಬರ್ನ ಒಯ್ದ್ರ ಹೊಟ್ಟಿ ಉರೀತಿತ್ತು. ಇದು ರಾತ್ರಿ ಮನ್ಯಾಗ ಉಂಡು ಮಲಗಿದ ಗಾಡಿ, ಅಷ್ಟ ಉರಿಯಂಗಿಲ್ಲ. ಇದಕ್ಕ ಸುಳ್ಳ ಹೇಳಾಕ ಬರಂಗಿಲ್ಲ ಅಂದ್ರ, ಖರೇನ ಹೇಳಿ ನೋಡೂಣು." ಅಂದಿನಿಂದ ಅವನದು ಒಂದೇ ಪದ್ಧತಿ. ಸೀಟು ತುಂಬಲಿ, ಬಿಡಲಿ, ಹೇಳಿದ ಹೊತ್ತಿಗೆ ಗಾಡಿ ಬಿಡುವುದು. ಅಜ್ಜನ ಕಾಲದಿಂದ ಬಂದ ವಿದ್ಯೆಯನ್ನು ಅವನು ಹೀಗೆ ಒಂದು ಮುಂಜಾನೆ ಬಿಟ್ಟುಕೊಟ್ಟ.

ಮೊದಲ ವಾರಗಳು ಹೇಳುವಂತಿರಲಿಲ್ಲ. ನನ್ನೊಬ್ಬನನ್ನು ಕೂರಿಸಿಕೊಂಡು ಗಾಡಿ ಹೋಗುವುದು, ಖಾಲಿ ಗಾಡಿ ಬರುವುದು. ಷಡ್ಡಕನ ಫೋನು ಬಂದಾಗ ಅವನು ಎದ್ದು ದೂರ ಹೋಗಿ ಮಾತಾಡುತ್ತಿದ್ದ, ಬಂದ ಮೇಲೆ ಮುಖ ಸಣ್ಣದಾಗಿರುತ್ತಿತ್ತು. ಆದರೆ ನಮ್ಮ ಜನ ನಿಧಾನಕ್ಕೆ ನಂಬುತ್ತಾರೆ, ನಂಬಿದ ಮೇಲೆ ಬಿಡುವುದಿಲ್ಲ. ಧಾರವಾಡದಿಂದ ಕಡಿದು ಗದಗ ಜಿಲ್ಲೆ ಮಾಡಿದಾಗ, ಹೊಸ ಜಿಲ್ಲೆಯಲ್ಲಿ ನಮ್ಮ ಕಾಗದಪತ್ರಗಳ ಗತಿಯೇನೆಂದು ಚಿಂತೆಗೆ ಬಿದ್ದ ನಮ್ಮ ಕಾಕಾನೇ ಆಮೇಲೆ ಗದಗದ್ದು ಬಿಟ್ಟು ಬೇರೆ ಕಚೇರಿಯ ಕಟ್ಟೆ ಹತ್ತಲಿಲ್ಲ. ಇಲ್ಲಿಯೂ ಹಾಗೆಯೇ ಆಯಿತು. ಮೊದಲು ಕಚೇರಿಗೆ ಹೋಗುವವರು, ಆಮೇಲೆ ದವಾಖಾನೆಗೆ ಹೋಗುವವರು, ಆಮೇಲೆ ಗಂಟುಗಳ ಸಮೇತ ಬೆಳ್ಳಟ್ಟಿಯ ಹೆಣ್ಣುಮಕ್ಕಳು, "ಆ ಬಿಳಿ ಗಾಡಿ ಹೇಳಿದ್ ಟೈಮಿಗೆ ಬಿಡತೈತಿ" ಎಂದು ಒಬ್ಬರಿಗೊಬ್ಬರು ಹೇಳತೊಡಗಿದರು. ಕಾರು ರಿಪೇರಿಗೆ ಹೋದ ನೆಪದಲ್ಲಿ ಪಾಟೀಲ ಮಾಸ್ತರರೂ ನಾಲ್ಕು ದಿನದ ಮಟ್ಟಿಗೆಂದು, ತಾತ್ಪೂರ್ತಿಕವಾಗಿ ಬಂದರು. ಕಾರು ರಿಪೇರಿಯಾಗಿ ಬಂತು, ತಾತ್ಪೂರ್ತಿಕ ಮುಗಿಯಲಿಲ್ಲ. ಈಗ ಅವರು ಕರೆಂಟ್ ಗಾಡಿಯಲ್ಲಿ ಕೂತೇ ಕರೆಂಟ್ ಗಾಡಿಗಳ ವಿರುದ್ಧ ವಾದಿಸುತ್ತಾರೆ. ಎಂಜಿನ್ನಿನ ಗದ್ದಲವಿಲ್ಲದ್ದರಿಂದ ಅವರ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸುತ್ತದೆ. ನಾನು ಕಂಡ ಮಟ್ಟಿಗೆ ಈ ಹೊಸ ವಾಹನದ ಮುಖ್ಯ ದೋಷ ಇದೊಂದೇ.

ಮೊನ್ನೆ ಚಹಾ ಕುಡಿಯುವಾಗ ದಾವಲಸಾಬ ತಾನಾಗಿಯೇ ಹೇಳಿದ: "ಷಡ್ಡಕಗ ಫೋನ್ ಮಾಡಿ ಹೇಳಿದ್ನಿ ಮಾಸ್ತರ್ರ, ಕಾವಲಿಗೆ ಬ್ಯಾರೆ ಮನಶ್ಯಾನ್ನ ನೋಡಕೋ ಅಂತ." ನನಗೆ ಎಷ್ಟು ಸಂತೋಷವಾಯಿತೆಂದರೆ, ಎರಡೂ ಚಹಾದ ರೊಕ್ಕ ನಾನೇ ಕೊಟ್ಟೆ.

ಆ ಸಂತೋಷದಲ್ಲೇ ಇರಬೇಕು, ಮರುದಿನ ನಾನು ತಡಮಾಡಿದೆ. ಮೊದಲ ದಿನಗಳ ಏಕಮಾತ್ರ ಪ್ರಯಾಣಿಕ ನಾನು, ನನ್ನನ್ನು ಬಿಟ್ಟು ಹೋಗುತ್ತಾನೆಯೇ ಎಂಬ ಧೈರ್ಯದಿಂದ ದಾರಿಯಲ್ಲಿ ನಿಂತು ಗಿರಮಿಟ್ ತಿಂದು ಬಂದರೆ, ಬಿಳಿ ಗಾಡಿ ಆಗಲೇ ತಿರುವಿನಲ್ಲಿತ್ತು. ನನ್ನ ಜಾಗದಲ್ಲಿ ಪಾಟೀಲ ಮಾಸ್ತರರು ಕೂತು ನನಗೆ ಕೈ ಬೀಸುತ್ತಿದ್ದರು. ಸೀಟುಗಳೆಲ್ಲ ತುಂಬಿದ್ದವು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಬರ್ರಿ ಮಾಸ್ತರ್ರ, ಈಗ ಹೊಂಟತಿ" ಎಂದ ಈರಪ್ಪ. ಹತ್ತಿ ಕೂತೆ. ಕನ್ನಡಕ ಜಾರಿತು, ಡಬ್ಬಿ ಗಲಗಲ ಎಂದಿತು. ಬೇರೆ ಯಾರೂ ಬರಲಿಲ್ಲ. ತುಸು ಹೊತ್ತಿಗೆ ಅವನು ಕೀಲಿ ತಿರುವಿ ಎಂಜಿನ್ ಬಂದ್ ಮಾಡಿದ. ಆ ಗಾಡಿ ಅಲುಗಾಡದೆ ನಿಂತದ್ದನ್ನು ನಾನು ಅಂದೇ ಮೊದಲು ಕಂಡೆ. ಈರಪ್ಪ ರಸ್ತೆಯ ಕಡೆಗೇ ನೋಡುತ್ತ ಕೇಳಿದ: "ಮುಂದಿನ ಸಲ ಇದರ ಪಾಸಿಂಗ್ ಆಗೂದು ಅನುಮಾನ ಐತ್ರಿ. ಗಾಡಿ ಏನೋ ಬದಲ ಮಾಡಬಹುದು. ಹೇಳಿದ ಹೊತ್ತಿಗೆ ಬಿಟ್ರ, ಖರೇನ ಮಂದಿ ಹತ್ತತಾರೇನ್ರಿ?"

ಹೊಗೆ, ಮಾಲಿನ್ಯ, ಮುಂದಿನ ಪೀಳಿಗೆ ಯಾವುದೂ ನೆನಪಿಗೆ ಬರಲಿಲ್ಲ. "ಹತ್ತತಾರ, ಈರಪ್ಪ. ಸ್ವಲ್ಪ ತಡಾ ಆಗತೈತಿ, ಆದ್ರ ಹತ್ತತಾರ" ಎಂದೆ.

ಅವನು ಹಿಂದಿನ ಖಾಲಿ ಸೀಟುಗಳನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. "ಒಂದ್ ದಿನ ಇದರಾಗ ಮಾಡಿ ನೋಡೂಣು" ಎಂದು ಕೀಲಿ ತಿರುವಿದ. ಗಾಡಿ ಒಂದು ಮೊಳ ಮುಂದೆ ಹೋಯಿತು. ಹಿಂದಕ್ಕೆ ಬಂದೀತೆಂದು ನಾನು ಆರಾಮಾಗಿ ಕೂತಿದ್ದೆ, ಸರಳು ಹಿಡಿದಿರಲಿಲ್ಲ. ಅದು ಹಾಗೆಯೇ ಮುಂದೆ ಹೋಗಿಬಿಟ್ಟದ್ದರಿಂದ ಡಬ್ಬಿ ನನ್ನ ಕಾಲ ಬುಡಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡು ನೋಡುತ್ತೇನೆ, ಶಿರಹಟ್ಟಿಯ ರಸ್ತೆಯಲ್ಲಿದ್ದೇವೆ, ಮೊಸರು ಮೊಸರಾಗಿಯೇ ಇದೆ. ಓಡುವ ಟಂಟಂ, ಡೀಸೆಲ್ಲಿನದಾದರೂ, ಅಷ್ಟೇನೂ ನಡುಗುವುದಿಲ್ಲ.